ಹೆಸರು ತಪ್ಪಿದರೆ ಮದ್ದೂ ತಪ್ಪುತ್ತೆ: ಎನ್‌ಎಂಒ ಕಾಯಿಲೆಯ ವಿಜ್ಞಾನ, ಅದರ ಸುತ್ತಲಿನ ರಾಜಕೀಯ

ಬಿಕ್ಕಳಿಕೆ ನಿಲ್ಲುತ್ತಿಲ್ಲ ಅಂತ ಯಾರಾದರೂ ನರರೋಗ ತಜ್ಞರ ಹತ್ತಿರ ಹೋಗ್ತಾರಾ? ಇಲ್ಲ. ನೀರು ಕುಡಿಯುತ್ತಾರೆ, ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿಕೊಳ್ಳುತ್ತಾರೆ, ಅದಕ್ಕೂ ಬಗ್ಗದಿದ್ದರೆ ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಾರೆ. ಆದರೆ ದಿನಗಟ್ಟಲೆ ನಿಲ್ಲದ ಬಿಕ್ಕಳಿಕೆ ಮತ್ತು ವಾಂತಿ, ಸ್ವಲ್ಪ ಕಾಲದ ನಂತರ ಒಂದು ಕಣ್ಣು ಇದ್ದಕ್ಕಿದ್ದಂತೆ ಮಂಜಾಗುವುದು, ಇನ್ನೊಂದು ದಿನ ಸೊಂಟದ ಕೆಳಗೆ ಸ್ವಾಧೀನ ಹೋಗುವುದು, ಇವೆಲ್ಲ ಒಂದೇ ಕಾಯಿಲೆಯ ಬೇರೆ ಬೇರೆ ಮುಖಗಳಾಗಿರಬಹುದು. ಅದರ ಹೆಸರು ನ್ಯೂರೋಮೈಲೈಟಿಸ್ ಆಪ್ಟಿಕಾ. ಚಿಕ್ಕದಾಗಿ ಎನ್‌ಎಂಒ.

ಅಪರೂಪದ ಕಾಯಿಲೆಯೊಂದರ ಬಗ್ಗೆ ಈ ಅಂಕಣದಲ್ಲಿ ಯಾಕೆ ಬರೀತಿದ್ದೀನಿ ಅಂತ ಕೇಳಬಹುದು. ಈ ಕಾಯಿಲೆ ದೇಹದೊಳಗೆ ಹೇಗೆ ಕೆಲಸ ಮಾಡುತ್ತೆ ಅನ್ನೋದು ಈಗ ಬಹುಮಟ್ಟಿಗೆ ಗೊತ್ತಿದೆ. ಪತ್ತೆಹಚ್ಚಲು ರಕ್ತಪರೀಕ್ಷೆ ಇದೆ. ಮರುಕಳಿಸದಂತೆ ತಡೆಯುವ ಔಷಧಿಗಳಿವೆ, ಅವುಗಳಲ್ಲಿ ಒಂದು ನಮ್ಮ ದೇಶದಲ್ಲೇ ತಯಾರಾಗುತ್ತೆ. ಇಷ್ಟೆಲ್ಲ ಇದ್ದೂ ಒಬ್ಬರ ಕಣ್ಣು ಉಳಿಯುತ್ತಾ ಇಲ್ಲವಾ ಅನ್ನೋದು ಅವರು ಯಾವ ಊರಿನಲ್ಲಿದ್ದಾರೆ, ಕೈಯಲ್ಲಿ ಎಷ್ಟು ದುಡ್ಡಿದೆ ಅನ್ನೋದರ ಮೇಲೆ ನಿಂತಿದೆ ಅಂದರೆ ಅದು ಪೂರ್ತಿ ರಾಜಕೀಯದ ಪ್ರಶ್ನೆ.

ಮೊದಲು ವಿಜ್ಞಾನ ನೋಡೋಣ.

ಮೆದುಳಿನ ನೀರುಗಂಟಿ

ಮೆದುಳು ಅಂದ ಕೂಡಲೇ ನಮಗೆ ನೆನಪಾಗೋದು ನರಕೋಶಗಳು. ಅವುಗಳ ಆಸುಪಾಸಿನಲ್ಲಿ ಆಸ್ಟ್ರೋಸೈಟ್ ಅನ್ನೋ ನಕ್ಷತ್ರದ ಆಕಾರದ ಸಹಾಯಕ ಕೋಶಗಳಿವೆ. ಇವು ತಮ್ಮ ಪಾದಗಳನ್ನು ಚಾಚಿ ಮೆದುಳಿನ ರಕ್ತನಾಳಗಳನ್ನು ಸುತ್ತುವರಿದಿರುತ್ತವೆ. ಆ ಪಾದಗಳ ತುಂಬ ನೀರು ಹೋಗಿಬರಲು ಪುಟ್ಟ ಪುಟ್ಟ ಕಾಲುವೆಗಳಿವೆ. ಆಕ್ವಾಪೊರಿನ್-4 ಅಂತ ಅವುಗಳ ಹೆಸರು. ಹಳ್ಳಿಯಲ್ಲಿ ಓಣಿ ಓಣಿಗೂ ನೀರು ಬಿಡೋ ನೀರುಗಂಟಿ ಇರ್ತಾರಲ್ಲ, ಮೆದುಳಿನಲ್ಲಿ ಆಸ್ಟ್ರೋಸೈಟ್‌ನ ಕೆಲಸಗಳಲ್ಲಿ ಅದೂ ಒಂದು. ಜೀವಕೋಶಗಳಲ್ಲಿ ಇಂಥ ನೀರಿನ ಕಾಲುವೆಗಳಿವೆ ಎಂದು ಕಂಡುಹಿಡಿದ ಅಮೆರಿಕದ ಪೀಟರ್ ಅಗ್ರೆ 2003ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡರು.

ಎನ್‌ಎಂಒ ಬಂದವರಲ್ಲಿ ಆಗೋದು ಇಷ್ಟು. ವೈರಸ್, ಬ್ಯಾಕ್ಟೀರಿಯಾ ಹಿಡಿಯಲು ಇರಬೇಕಾದ ರೋಗನಿರೋಧಕ ವ್ಯವಸ್ಥೆ ಈ ಆಕ್ವಾಪೊರಿನ್-4 ವಿರುದ್ಧವೇ ಆಂಟಿಬಾಡಿ ತಯಾರಿಸಲು ಶುರು ಮಾಡುತ್ತೆ. ಆಂಟಿಬಾಡಿ ಹೋಗಿ ಆಸ್ಟ್ರೋಸೈಟ್‌ನ ಪಾದಕ್ಕೆ ಅಂಟಿಕೊಳ್ಳುತ್ತೆ. ಅಲ್ಲಿಂದ ಮುಂದಿನ ಕೆಲಸ ರಕ್ತದಲ್ಲೇ ಸುತ್ತಾಡುವ ಕಾಂಪ್ಲಿಮೆಂಟ್ ಅನ್ನೋ ಪ್ರೋಟೀನ್‌ಗಳ ಗುಂಪಿನದು. ಒಂದು ಪ್ರೋಟೀನ್ ಇನ್ನೊಂದನ್ನು ಎಬ್ಬಿಸುತ್ತಾ, ಕೊನೆಗೆ ಎಲ್ಲ ಸೇರಿ ಕೋಶದ ಗೋಡೆಗೆ ತೂತು ಕೊರೆಯುತ್ತವೆ. ಆಸ್ಟ್ರೋಸೈಟ್ ಸಾಯುತ್ತೆ. ಅದರ ಆಸರೆ ತಪ್ಪಿದ ಮೇಲೆ ನರತಂತುಗಳ ಮೇಲಿನ ಮೈಲಿನ್ ಹೊದಿಕೆ ಕಳಚುತ್ತೆ, ಆಮೇಲೆ ನರಗಳೇ ನಾಶವಾಗುತ್ತವೆ.

ಈ ಕಾಲುವೆಗಳು ಕಣ್ಣಿನ ನರದಲ್ಲಿ, ಬೆನ್ನುಹುರಿಯಲ್ಲಿ, ಮೆದುಳಿನ ಬುಡದಲ್ಲಿ ವಾಂತಿಯನ್ನು ನಿಯಂತ್ರಿಸುವ ಜಾಗದಲ್ಲಿ ದಟ್ಟವಾಗಿವೆ. ಕುರುಡುತನ, ಲಕ್ವ ಮತ್ತು ಬಿಕ್ಕಳಿಕೆ ಒಂದೇ ಕಾಯಿಲೆಯಲ್ಲಿ ಬರೋದು ಯಾಕೆ ಅನ್ನೋದಕ್ಕೆ ಉತ್ತರ ಇಲ್ಲಿದೆ.

ನೂರು ವರ್ಷದ ಗೊಂದಲ

ಈ ಕಾಯಿಲೆಯನ್ನು ಫ್ರಾನ್ಸ್‌ನ ವೈದ್ಯ ಯೂಜೀನ್ ಡೆವಿಕ್ 1894ರಲ್ಲೇ ವಿವರಿಸಿದ್ದರು. ಆದರೂ ಮುಂದಿನ ನೂರು ವರ್ಷ ಇದನ್ನು ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಎಂಬ ಇನ್ನೊಂದು ಕಾಯಿಲೆಯ ತಳಿ ಅಂತಲೇ ಬಹುತೇಕರು ನಂಬಿದ್ದರು. ಎಂಎಸ್‌ನಲ್ಲೂ ರೋಗನಿರೋಧಕ ವ್ಯವಸ್ಥೆ ಮೈಲಿನ್ ಮೇಲೆ ಬೀಳುತ್ತೆ, ಅಲ್ಲೂ ಕಣ್ಣು, ಬೆನ್ನುಹುರಿಗೆ ಪೆಟ್ಟಾಗುತ್ತೆ. ಹೊರಗಿನಿಂದ ನೋಡಿದರೆ ಎರಡೂ ಅಣ್ಣತಮ್ಮಂದಿರ ಹಾಗೆ. ಜಪಾನ್‌ನಲ್ಲಿ ಇದಕ್ಕೆ ಕಣ್ಣು-ಬೆನ್ನುಹುರಿಯ ಎಂಎಸ್ ಅಂತಲೇ ಹೆಸರಿತ್ತು.

2004ರಲ್ಲಿ ಚಿತ್ರ ಬದಲಾಯಿತು. ಅಮೆರಿಕದ ಮೇಯೊ ಕ್ಲಿನಿಕ್‌ನ ವಾಂಡಾ ಲೆನನ್ ಮತ್ತು ಸಹೋದ್ಯೋಗಿಗಳು ಎನ್‌ಎಂಒ ರೋಗಿಗಳ ರಕ್ತದಲ್ಲಿ ವಿಶಿಷ್ಟ ಆಂಟಿಬಾಡಿಯೊಂದನ್ನು ಗುರುತಿಸಿದರು. ಆ ಅಧ್ಯಯನದಲ್ಲಿ ಉತ್ತರ ಅಮೆರಿಕದ ಎನ್‌ಎಂಒ ರೋಗಿಗಳ ಪೈಕಿ 73% ಜನರಲ್ಲಿ, ಜಪಾನ್‌ನ ಕಣ್ಣು-ಬೆನ್ನುಹುರಿ ಎಂಎಸ್ ರೋಗಿಗಳ ಪೈಕಿ 58% ಜನರಲ್ಲಿ ಅದೇ ಆಂಟಿಬಾಡಿ ಸಿಕ್ಕಿತು. ಮರುವರ್ಷ ಅದರ ಗುರಿ ಆಕ್ವಾಪೊರಿನ್-4 ಅಂತ ಗೊತ್ತಾಯಿತು. ಎರಡು ಹೆಸರಿನಲ್ಲಿ ಕರೆಯುತ್ತಿದ್ದ ಈ ರೋಗಿಗಳಲ್ಲಿ ಬಹಳ ಜನರಿಗೆ ಇದ್ದದ್ದು ಒಂದೇ ಕಾಯಿಲೆ, ಅದು ಎಂಎಸ್ ಅಲ್ಲ ಅಂತ ಅಲ್ಲಿಂದ ಸ್ಪಷ್ಟವಾಗುತ್ತಾ ಹೋಯಿತು.

ನಾನು ಇಂಜಿನಿಯರಿಂಗ್ ಓದಿ ಈ ಕಡೆ ಬಂದವನು. ಅಲ್ಲಿ ಕಲಿತ ಪಾಠ ಒಂದು ಇಲ್ಲಿ ಅನ್ವಯಿಸುತ್ತೆ: ಎರಡು ಯಂತ್ರ ಒಂದೇ ರೀತಿ ಸದ್ದು ಮಾಡಿದ ಮಾತ್ರಕ್ಕೆ ಕೆಟ್ಟಿರೋದು ಒಂದೇ ಭಾಗ ಅಂತಲ್ಲ. ಬಿಚ್ಚಿ ನೋಡದೆ ರಿಪೇರಿ ಮಾಡಿದರೆ ಇನ್ನಷ್ಟು ಕೆಡಬಹುದು.

ಇಲ್ಲಿ ಆಗಿದ್ದೂ ಅದೇ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್ ಬೀಟಾ, ನಟಾಲಿಜುಮ್ಯಾಬ್, ಫಿಂಗೋಲಿಮೋಡ್ ಇವೆಲ್ಲ ಎಂಎಸ್ ಇರುವವರಿಗೆ ಉಪಯುಕ್ತ ಔಷಧಿಗಳೇ. ಆದರೆ ಎನ್‌ಎಂಒ ಇರುವವರಿಗೆ ಇವನ್ನೇ ಕೊಟ್ಟಾಗ ಕಾಯಿಲೆ ಉಲ್ಬಣಿಸಿದ್ದು ದಾಖಲಾಗಿದೆ. ಅಂದರೆ ಇಲ್ಲಿ ಹೆಸರು ತಪ್ಪುವುದು ಬರೀ ಕಾಗದದ ಮೇಲಿನ ತಪ್ಪಾಗಿ ಉಳಿಯಲ್ಲ.

ಇನ್ನೊಂದು ವ್ಯತ್ಯಾಸವೂ ಇದೆ. ಎಂಎಸ್ ಹಲವರಲ್ಲಿ ವರ್ಷಗಟ್ಟಲೆ ಒಳಗೊಳಗೇ ಸವೆಸುತ್ತಾ ಹೋಗುತ್ತೆ. ಎನ್‌ಎಂಒದಲ್ಲಿ ಹಾನಿಯ ಬಹುಪಾಲು ಆಗೋದು ಕಾಯಿಲೆ ಕೆರಳಿದಾಗ. ಒಂದೊಂದು ಸಲ ಕೆರಳಿದಾಗಲೂ ಏನನ್ನಾದರೂ ಕಿತ್ತುಕೊಂಡು ಹೋಗುತ್ತೆ, ಹೋದದ್ದು ಪೂರ್ತಿ ವಾಪಸ್ ಬರೋದು ಕಷ್ಟ. ಸರಿಯಾದ ಚಿಕಿತ್ಸೆ ಇಲ್ಲದಿದ್ದ ಕಾಲದಲ್ಲಿ ಪದೇಪದೇ ಮರುಕಳಿಸುತ್ತಿದ್ದವರ ಪೈಕಿ ಸುಮಾರು ಅರ್ಧದಷ್ಟು ಜನ ಐದು ವರ್ಷದೊಳಗೆ ಗಂಭೀರವಾಗಿ ದೃಷ್ಟಿ ಕಳೆದುಕೊಳ್ಳುತ್ತಿದ್ದರು ಅಥವಾ ಆಸರೆ ಇಲ್ಲದೆ ನಡೆಯಲಾಗದ ಸ್ಥಿತಿ ತಲುಪುತ್ತಿದ್ದರು. ಹಾಗಾಗಿ ಚಿಕಿತ್ಸೆಯ ಮುಖ್ಯ ಗುರಿ ಮುಂದಿನ ಸಲ ಕೆರಳದಂತೆ ತಡೆಯುವುದು. ಅದಕ್ಕೆ ಮೊದಲು ಇದು ಎನ್‌ಎಂಒ ಅಂತ ಗೊತ್ತಾಗಬೇಕು.

ಮಂಗಳೂರಿನ ಲೆಕ್ಕ

ಕರ್ನಾಟಕದವರು ಇದರ ಬಗ್ಗೆ ತಲೆಕೆಡಿಸಿಕೊಳ್ಳಲು ಕಾರಣವಿದೆ. ಮಂಗಳೂರಿನ ಕೆ.ಎಸ್. ಹೆಗ್ಡೆ ಮೆಡಿಕಲ್ ಅಕಾಡೆಮಿಯ ನರರೋಗ ತಜ್ಞೆ ಲೇಖಾ ಪಂಡಿತ್ ಮತ್ತು ಅವರ ತಂಡ ಮೈಲಿನ್‌ಗೆ ಹಾನಿ ಮಾಡುವ ಇಂಥ ಕಾಯಿಲೆಗಳದ್ದೇ ನೋಂದಣಿ ಪಟ್ಟಿಯೊಂದನ್ನು ನಡೆಸುತ್ತಿದೆ. ಈ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮಂಗಳೂರು ನಗರದಲ್ಲಿ ಲಕ್ಷ ಜನಕ್ಕೆ ಸುಮಾರು 8 ಮಂದಿಗೆ ಎಂಎಸ್ ಇದ್ದರೆ, 2.6 ಮಂದಿಗೆ ಎನ್‌ಎಂಒ ಇತ್ತು.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಯುರೋಪ್, ಉತ್ತರ ಅಮೆರಿಕದ ಹಲವೆಡೆ ಎಂಎಸ್ ಲಕ್ಷಕ್ಕೆ ನೂರಕ್ಕೂ ಹೆಚ್ಚು ಜನರಲ್ಲಿದೆ, ಅದರ ಎದುರು ಎನ್‌ಎಂಒ ಚಿಟಿಕೆಯಷ್ಟು. ಅಲ್ಲಿನ ವೈದ್ಯರು ಮೊದಲು ಎಂಎಸ್ ಅಂದುಕೊಂಡರೆ ಹೆಚ್ಚಿನ ಸಲ ಅದು ಸರಿಯಾಗುತ್ತೆ. ನಮ್ಮಲ್ಲಿ ಆ ಲೆಕ್ಕ ಹೊಂದಲ್ಲ. ಅಲ್ಲಿನ ಪಠ್ಯಪುಸ್ತಕದ ಅಭ್ಯಾಸವನ್ನು ಇಲ್ಲಿಗೆ ಹಾಗೇ ತಂದರೆ ಎಡವುವ ಸಾಧ್ಯತೆ ಜಾಸ್ತಿ. ಏಷ್ಯಾ ಮತ್ತು ಆಫ್ರಿಕಾ ಮೂಲದ ಜನರಲ್ಲಿ ಎನ್‌ಎಂಒ ಪಾಲು ಹೆಚ್ಚು. ಈ ಆಂಟಿಬಾಡಿ ಇರುವ ರೋಗಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಹೆಂಗಸರು, ಹೆಚ್ಚಿನವರಿಗೆ ಶುರುವಾಗೋದು ಮೂವತ್ತು-ನಲವತ್ತರ ಆಸುಪಾಸಿನಲ್ಲಿ. ಅಂದರೆ ಹೊರಗೆ ದುಡಿಯುವ, ಮನೆ-ಮಕ್ಕಳನ್ನು ನೋಡಿಕೊಳ್ಳುವ ವಯಸ್ಸಿನಲ್ಲಿ. ನಮ್ಮ ಮನೆಗಳಲ್ಲಿ ಈ ವಯಸ್ಸಿನ ಹೆಂಗಸು ವಾಂತಿ, ಸುಸ್ತು, ಕಾಲು ಜೋಮು ಅಂದರೆ ಎಷ್ಟು ದಿನಕ್ಕೆ ಆಸ್ಪತ್ರೆಗೆ ಕರೆದೊಯ್ಯುತ್ತಾರೆ ಅನ್ನೋದು ನಿಮಗೇ ಗೊತ್ತು.

ಪರೀಕ್ಷೆ ಎಲ್ಲಿದೆ?

ಪರೀಕ್ಷೆಯ ತತ್ವ ಸರಳ. ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಕೋಶಗಳಿಗೆ ಆಕ್ವಾಪೊರಿನ್-4ರ ಜೀನ್ ಸೇರಿಸುತ್ತಾರೆ. ಆ ಕೋಶಗಳು ತಮ್ಮ ಮೈಮೇಲೆ ಆ ಕಾಲುವೆಗಳನ್ನು ಹೊತ್ತು ನಿಲ್ಲುತ್ತವೆ. ರೋಗಿಯ ರಕ್ತದ ಸೀರಮ್ ಹಾಕಿದಾಗ ಆಂಟಿಬಾಡಿ ಇದ್ದರೆ ಅಂಟಿಕೊಳ್ಳುತ್ತೆ, ಹೊಳೆಯುವ ಬಣ್ಣದ ಗುರುತಿನಿಂದ ಸೂಕ್ಷ್ಮದರ್ಶಕದಲ್ಲಿ ಕಾಣುತ್ತೆ. ಹಳೆಯ ಎಲೈಸಾ ವಿಧಾನಕ್ಕಿಂತ ಇದು ಹೆಚ್ಚು ನಂಬಬಹುದಾದದ್ದು. ಮಂಗಳೂರಿನ ತಂಡ ಈ ವಿಧಾನವನ್ನು ತನ್ನದೇ ಪ್ರಯೋಗಾಲಯದಲ್ಲಿ ರೂಪಿಸಿಕೊಂಡು, ಸಂಪನ್ಮೂಲ ಕಡಿಮೆ ಇರುವ ಕಡೆ ರೋಗಪತ್ತೆ ಹೇಗೆ ಅಂತ ಸಂಶೋಧನೆಯನ್ನೂ ಪ್ರಕಟಿಸಿದೆ.

ಇಂಥ ಪ್ರಯೋಗಾಲಯವನ್ನು ಪ್ರತಿ ಜಿಲ್ಲೆಯಲ್ಲಿ ಕಟ್ಟೋದು ಆಗದ ಮಾತು, ಬೇಕಾಗಿಯೂ ಇಲ್ಲ. ರೋಗಿ ಪ್ರಯಾಣ ಮಾಡಬೇಕಿಲ್ಲ, ಸೀರಮ್ ಪ್ರಯಾಣ ಮಾಡಿದರೆ ಸಾಕು. ರಾಯಚೂರಿನಲ್ಲೋ ಚಾಮರಾಜನಗರದಲ್ಲೋ ರಕ್ತ ತೆಗೆದು, ತಣ್ಣನೆ ಪೆಟ್ಟಿಗೆಯಲ್ಲಿಟ್ಟು, ರಾಜ್ಯದ ಒಂದೆರಡು ಕೇಂದ್ರಗಳಿಗೆ ಕಳಿಸಿ, ವರದಿ ತರಿಸಿಕೊಳ್ಳುವ ವ್ಯವಸ್ಥೆ ಬೇಕು. ಕೋವಿಡ್ ಕಾಲದಲ್ಲಿ ಮೂಗಿನ ದ್ರವದ ಮಾದರಿಗಳನ್ನು ಹೀಗೇ ಊರಿಂದ ಊರಿಗೆ ಸಾಗಿಸಿದ್ದೆವಲ್ಲ.

ಐದು ಲಕ್ಷ ಡಾಲರ್ ಮತ್ತು ಹಳೆಯ ಔಷಧಿ

ಕಾಯಿಲೆಯ ದಾರಿ ಗೊತ್ತಾದ ಮೇಲೆ ಔಷಧಿಗಳೂ ಬಂದವು. ಕಾಂಪ್ಲಿಮೆಂಟ್ ಸರಪಳಿಯ ಒಂದು ಕೊಂಡಿಯನ್ನು ತಡೆಯುವ ಎಕುಲಿಜುಮ್ಯಾಬ್‌ಗೆ 2019ರಲ್ಲಿ ಅಮೆರಿಕದಲ್ಲಿ ಎನ್‌ಎಂಒ ಚಿಕಿತ್ಸೆಗಾಗಿ ಅನುಮತಿ ಸಿಕ್ಕಿತು. 143 ರೋಗಿಗಳ ಪ್ರಯೋಗದಲ್ಲಿ ಈ ಔಷಧಿ ಪಡೆದ 96 ಜನರಲ್ಲಿ 3 ಮಂದಿಗೆ ಮಾತ್ರ ಕಾಯಿಲೆ ಮರುಕಳಿಸಿತು. ಔಷಧಿ ಇಲ್ಲದ ದ್ರಾವಣ ಪಡೆದ 47 ಜನರಲ್ಲಿ 20 ಮಂದಿಗೆ ಮರುಕಳಿಸಿತು. ಅದ್ಭುತ ಫಲಿತಾಂಶ. ಬೆಲೆ? ಆಗ ಅಮೆರಿಕದಲ್ಲಿ ವರ್ಷಕ್ಕೆ 5 ಲಕ್ಷ ಡಾಲರ್‌ಗೂ ಹೆಚ್ಚಿತ್ತು. ಅದನ್ನು ತಯಾರಿಸುತ್ತಿದ್ದ ಅಲೆಕ್ಸಿಯಾನ್ ಕಂಪನಿಯನ್ನು 2021ರಲ್ಲಿ ಆಸ್ಟ್ರಾಜೆನೆಕಾ ಕೊಂಡುಕೊಂಡದ್ದು 39 ಬಿಲಿಯನ್ ಡಾಲರ್‌ಗೆ.

ಇನ್ನೊಂದು ದಾರಿಯೂ ಇದೆ. ಆಂಟಿಬಾಡಿ ತಯಾರಿಸುವ ಕೋಶಗಳಾಗಿ ಬೆಳೆಯೋದು ಬಿ-ಕೋಶಗಳು. ಅವನ್ನೇ ಕಡಿಮೆ ಮಾಡಿದರೆ? ರಿಟುಕ್ಸಿಮ್ಯಾಬ್ ಮಾಡೋದು ಅದನ್ನೇ. 1997ರಲ್ಲಿ ಒಂದು ಬಗೆಯ ಕ್ಯಾನ್ಸರ್‌ಗಾಗಿ ಬಂದ ಔಷಧಿ ಇದು. ಹೈದರಾಬಾದಿನ ಡಾ. ರೆಡ್ಡೀಸ್ 2007ರಲ್ಲೇ ಇದರ ಬಯೋಸಿಮಿಲರ್ ಆವೃತ್ತಿಯನ್ನು ಭಾರತದ ಮಾರುಕಟ್ಟೆಗೆ ತಂದಿತು. 2020ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗದಲ್ಲಿ ರಿಟುಕ್ಸಿಮ್ಯಾಬ್ ಪಡೆದ 19 ಜನರಲ್ಲಿ ಯಾರಿಗೂ ಕಾಯಿಲೆ ಮರುಕಳಿಸಲಿಲ್ಲ, ಪಡೆಯದ 19 ಜನರಲ್ಲಿ 7 ಮಂದಿಗೆ ಮರುಕಳಿಸಿತು. ಒಟ್ಟು 38 ಜನರ ಸಣ್ಣ ಪ್ರಯೋಗ, ನಿಜ. ಸೋಂಕಿನ ಅಪಾಯ ಇರುವುದರಿಂದ ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಯೇ ಶುರು ಮಾಡಬೇಕು, ನಿಗಾ ಇಡಬೇಕು. ಆದರೂ ಎಕುಲಿಜುಮ್ಯಾಬ್ ಬೆಲೆಯ ಒಂದು ಚೂರಿಗೆ ಸಿಗುವ ಔಷಧಿಯ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಅಜಾಥಿಯೋಪ್ರಿನ್‌ನಂಥ ಇನ್ನೂ ಅಗ್ಗದ ಮಾತ್ರೆಗಳನ್ನೂ ವೈದ್ಯರು ಬಳಸುತ್ತಾರೆ.

ಪೇಟೆಂಟ್ ಮುಗಿದ ಔಷಧಿಯನ್ನು ಹೊಸ ಕಾಯಿಲೆಗೆ ಪರೀಕ್ಷಿಸಿ, ಲೇಬಲ್ ಮೇಲೆ ಅದರ ಹೆಸರು ಬರೆಸಲು ಕಂಪನಿಗಳಿಗೆ ಲಾಭ ಕಾಣೋದಿಲ್ಲ. ಲೇಬಲ್‌ನಲ್ಲಿ ಕಾಯಿಲೆಯ ಹೆಸರಿಲ್ಲದಿದ್ದರೆ ವಿಮೆಯವರಿಗೆ ತಕರಾರು ತೆಗೆಯಲು ಜಾಗ ಸಿಗುತ್ತೆ. ಮಾರುಕಟ್ಟೆ ಕೈಬಿಟ್ಟ ಇಂಥ ಕಡೆ ಸಾರ್ವಜನಿಕ ಹಣದ ಸಂಶೋಧನೆ ಬೇಕು. ಎಂಎಸ್ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ರಿಟುಕ್ಸಿಮ್ಯಾಬ್ ಅನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಪಟ್ಟಿಗಳು ಬದಲಾಗುತ್ತವೆ, ಬದಲಾಯಿಸುವವರು ಬೇಕು ಅಷ್ಟೇ.

ಪಟ್ಟಿಯಲ್ಲಿ ಇಲ್ಲದವರು

ಪಟ್ಟಿ ಅಂದಾಗ ಇನ್ನೊಂದು ನೆನಪಾಗುತ್ತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಅನುಸೂಚಿಯಲ್ಲಿ ದೀರ್ಘಕಾಲೀನ ನರರೋಗಗಳಿಗೆ ಉದಾಹರಣೆಯಾಗಿ ಎರಡು ಹೆಸರುಗಳಿವೆ: ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಪಾರ್ಕಿನ್‌ಸನ್ಸ್. ಎನ್‌ಎಂಒ ಹೆಸರಿಲ್ಲ. ದೃಷ್ಟಿ ಪೂರ್ತಿ ಹೋದವರು, ನಡೆಯಲಾಗದವರು ಬೇರೆ ವಿಭಾಗದಲ್ಲಿ ಪ್ರಮಾಣಪತ್ರ ಪಡೆಯಬಹುದು. ಆದರೆ ಒಂದು ಕಣ್ಣು ಅರ್ಧ, ಕಾಲು ಅರ್ಧ, ಮೂತ್ರದ ಹಿಡಿತ ಅರ್ಧ ಹೋದವರು ಯಾವ ಕಾಲಂಗೆ ಸೇರುತ್ತಾರೆ? ಕಾಯ್ದೆಯಲ್ಲಿ ಆ ಎರಡು ಹೆಸರು ಉದಾಹರಣೆ ಮಾತ್ರ, ಹಾಗಾಗಿ ಎನ್‌ಎಂಒಗೂ ಅಲ್ಲಿ ಜಾಗವಿದೆ ಅಂತ ನಾನು ಓದಿಕೊಳ್ಳುತ್ತೇನೆ. ಕೌಂಟರ್ ಹಿಂದೆ ಕೂತವರೂ ಹಾಗೇ ಓದಬೇಕೆಂದರೆ ಸರ್ಕಾರ ಅದನ್ನು ಬಿಡಿಸಿ ಬರೆಯಬೇಕು.

ಓದುತ್ತಿರುವವರ ಪೈಕಿ ಯಾರಿಗಾದರೂ ಎಂಎಸ್ ಚಿಕಿತ್ಸೆ ನಡೆಯುತ್ತಿದ್ದರೆ ಗಾಬರಿಯಾಗಿ ಔಷಧಿ ನಿಲ್ಲಿಸಬೇಡಿ. ಆಕ್ವಾಪೊರಿನ್-4 ಪರೀಕ್ಷೆ ಆಗಿದೆಯಾ, ಯಾವ ವಿಧಾನದಲ್ಲಿ ಆಗಿದೆ ಅಂತ ನಿಮ್ಮ ವೈದ್ಯರನ್ನು ಕೇಳಿ. ಕೇಳೋದು ನಿಮ್ಮ ಹಕ್ಕು.

ಉಳಿದ ನಾವು ಕೇಳಬೇಕಾದ ಪ್ರಶ್ನೆಗಳು ಮೂರು. ನಮ್ಮ ಜಿಲ್ಲಾಸ್ಪತ್ರೆಯಲ್ಲಿ ತೆಗೆದ ರಕ್ತ ಈ ಪರೀಕ್ಷೆಗೆ ಎಲ್ಲಿಗೆ ಹೋಗುತ್ತೆ, ವರದಿ ಎಷ್ಟು ದಿನಕ್ಕೆ ಬರುತ್ತೆ? ಸರ್ಕಾರಿ ಯೋಜನೆಯಲ್ಲಿ ಎನ್‌ಎಂಒ ರೋಗಿಗೆ ರಿಟುಕ್ಸಿಮ್ಯಾಬ್ ಸಿಗುತ್ತಾ? ಅಂಗವೈಕಲ್ಯ ಪ್ರಮಾಣಪತ್ರ ಕೊಡುವವರಿಗೆ ಈ ಕಾಯಿಲೆಯ ಹೆಸರಿನಲ್ಲಿ ಸುತ್ತೋಲೆ ಹೋಗಿದೆಯಾ? ವಿಜ್ಞಾನ ತನ್ನ ಪಾಲಿನ ಉತ್ತರವನ್ನು 2004-05ರಲ್ಲೇ ಕೊಟ್ಟಾಗಿದೆ. ಈ ಮೂರಕ್ಕೆ ಉತ್ತರ ಕೊಡಬೇಕಾದವರು ನಾವು ಓಟು ಹಾಕಿ ಕಳಿಸಿದವರು.