ಕೀಲಿ ಬಿಟ್ಟೊಡನೆ ನಿಲ್ಲುವ ಎಂಜಿನ್

ಕಿಟ್ ಕಾರು ಎಂದರೆ ಬಿಡಿಭಾಗಗಳಾಗಿ ಕೊಂಡುತಂದು, ಮನೆಯ ಗ್ಯಾರೇಜಿನಲ್ಲಿ ಕೈಯಾರೆ ಜೋಡಿಸಿಕೊಳ್ಳುವ ಕಾರು. ಈ ಹವ್ಯಾಸದ ತವರು ಬ್ರಿಟನ್. 1957ರಲ್ಲಿ ಕಾಲಿನ್ ಚಾಪ್‌ಮನ್ ಅವರ ಲೋಟಸ್ ಕಂಪನಿ ತಂದ ‘ಸೆವೆನ್’ ಎಂಬ ಪುಟ್ಟ, ಬೋಳು, ಎರಡೇ ಸೀಟಿನ ಕಾರು ಬಿಡಿಭಾಗಗಳ ರೂಪದಲ್ಲೂ ಮಾರಾಟವಾಗುತ್ತಿತ್ತು. ಜೋಡಿಸಿದ ಕಾರಿಗೆ ಬೀಳುತ್ತಿದ್ದ ಖರೀದಿ ತೆರಿಗೆ ಬಿಡಿಭಾಗಗಳಿಗೆ ಇರಲಿಲ್ಲ ಎಂಬುದೇ ಅದರ ಗುಟ್ಟು. 1973ರಲ್ಲಿ ವ್ಯಾಟ್ ಬಂದು ಆ ಅನುಕೂಲ ಹೋಯಿತು. ಅದೇ ವರ್ಷ ಸೆವೆನ್ ತಯಾರಿಕೆಯ ಹಕ್ಕು ಕೇಟರ್‌ಹ್ಯಾಮ್ ಪಾಲಾಯಿತು. ತೆರಿಗೆಯ ಲಾಭ ಹೋದರೂ ಹುಚ್ಚು ಬಿಡಲಿಲ್ಲ. 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟುವ ಬಗೆಯನ್ನು ರಾನ್ ಚಾಂಪಿಯನ್ 1996ರಲ್ಲಿ ಪುಸ್ತಕವಾಗಿ ಬರೆದ ಮೇಲಂತೂ ಒಂದಂಗುಲದ ಚೌಕ ಉಕ್ಕಿನ ಕೊಳವೆ ಕತ್ತರಿಸಿ, ಬೆಸುಗೆ ಹಾಕಿ ಚಾಸಿಯನ್ನೂ ತಾವೇ ಮಾಡಿಕೊಳ್ಳುವವರು ಹುಟ್ಟಿಕೊಂಡರು.

ಎಂಜಿನ್ ಮಾತ್ರ ಯಾರೂ ಮನೆಯಲ್ಲಿ ಮಾಡುವುದಿಲ್ಲ. ಅದು ಹಳೆಯ ಕಾರೊಂದರಿಂದ ಬರಬೇಕು. ಆ ಕಾರಿಗೆ ಹವ್ಯಾಸಿಗಳು ‘ದಾನಿ’ ಎನ್ನುತ್ತಾರೆ. ದಾನಿಗಳು ಕಾರ್ಬುರೇಟರ್ ಕಾಲದವಾಗಿದ್ದಾಗ ಕೆಲಸ ಸಲೀಸಿತ್ತು. ಕಾಯಿಲಿಗೆ ಒಂದು ವೈರು, ಸ್ಟಾರ್ಟರಿಗೆ ಒಂದು ದಪ್ಪ ಕೇಬಲ್, ಪೆಟ್ರೋಲಿಗೊಂದು ಪೈಪು. ಇಷ್ಟಾದರೆ ಎಂಜಿನ್ ತಾನೇ ಉಸಿರೆಳೆದು, ಆ ಉಸಿರಿನ ಸೆಳೆತಕ್ಕೆ ಪೆಟ್ರೋಲನ್ನೂ ಎಳೆದುಕೊಂಡು ಓಡುತ್ತಿತ್ತು. ಫ್ಯೂಯೆಲ್ ಇಂಜೆಕ್ಷನ್ ಬಂದ ಮೇಲೆ ಆ ಸಲೀಸು ಹೋಯಿತು. ನಮ್ಮಲ್ಲಿ ಈ ವ್ಯವಸ್ಥೆಯ ಪರಿಚಯವಾದದ್ದು ಮಾರುತಿ ಕಾರುಗಳ ಬೆನ್ನಿಗೆ ಅಂಟಿಸಿರುತ್ತಿದ್ದ ‘ಎಂಪಿಎಫ್‌ಐ’ ಎಂಬ ಅಕ್ಷರಗಳಿಂದ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಯಾದಾಗ ಸ್ಕೂಟರುಗಳೂ ಅದೇ ದಾರಿ ಹಿಡಿದವು. ಇಲ್ಲಿ ಪೆಟ್ರೋಲ್ ತಾನಾಗಿ ಹರಿಯುವುದಿಲ್ಲ. ಇಂಜೆಕ್ಟರ್ ಎಂಬುದು ವಿದ್ಯುತ್ತಿನಿಂದ ತೆರೆದುಕೊಳ್ಳುವ ನಲ್ಲಿ; ಎಂಜಿನ್ ಸುಮ್ಮನೆ ನಿಂತು ಗುನುಗುವಾಗ ಅದು ಒಂದೊಂದು ಸಲಕ್ಕೆ ತೆರೆದಿರುವುದು ಎರಡು ಮೂರು ಮಿಲಿಸೆಕೆಂಡು. ಎಷ್ಟು ಹೊತ್ತು ತೆರೆಯಬೇಕು, ಕಿಡಿ ಯಾವಾಗ ಹಾರಬೇಕು ಎಂದು ಲೆಕ್ಕ ಹಾಕುವುದು ಇಸಿಯು ಎಂಬ ಪೆಟ್ಟಿಗೆ. ಆ ಪೆಟ್ಟಿಗೆಗೆ ತಾನು ಹಳೆಯ ಕಾರು ಬಿಟ್ಟು ಬಂದದ್ದು ಗೊತ್ತಿರುವುದಿಲ್ಲ. ಹಳೆಯ ಮೈಯಿಂದ ಬರುತ್ತಿದ್ದ ಸಂಕೇತಗಳೆಲ್ಲ ಹೊಸ ಮೈಯಲ್ಲೂ ಬರುವಂತೆ ಮಾಡಬೇಕು. ಹಾಗಾಗಿ ಇದು ಸ್ಪ್ಯಾನರಿನ ಕೆಲಸಕ್ಕಿಂತ ಮಲ್ಟಿಮೀಟರಿನ ಕೆಲಸ.

ದಾನಿಗಳಲ್ಲಿ ಒಂದನ್ನು ಹತ್ತಿರದಿಂದ ನೋಡಿದರೆ ವಿಷಯ ತಿಳಿಯಾಗುತ್ತದೆ. 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5 ಕಾರಿನ 1.6 ಲೀಟರ್ ಎಂಜಿನ್ ಕಿಟ್ ಕಾರಿನವರಿಗೆ ಅಚ್ಚುಮೆಚ್ಚು. ಎಂಜಿನ್ ಉದ್ದಕ್ಕೆ ಕೂತಿರುತ್ತದೆ, ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ, ಹಿಂಭಾಗ ತುಕ್ಕು ಹಿಡಿದ ಕಾರುಗಳು ಗುಜರಿ ಬೆಲೆಗೆ ಸಿಗುತ್ತವೆ. ಎಂಜಿನ್ ಜೊತೆಗೆ ಇಳಿದು ಬರುವುದು ವೈರಿಂಗಿನ ದೊಡ್ಡ ಕಂತೆ. ಕಿಟಕಿ, ವೈಪರ್, ಮೇಲೇಳುವ ಹೆಡ್‌ಲೈಟಿನ ಮೋಟಾರು, ರೇಡಿಯೊ ಎಲ್ಲದರ ವೈರುಗಳೂ ಅದರಲ್ಲಿ ಹೆಣೆದುಕೊಂಡಿರುತ್ತವೆ. ಹೊಸಬರು ಮೊದಲು ಮಾಡುವ ತಪ್ಪು ಇಲ್ಲೇ: ಕತ್ತರಿ ಹಿಡಿದು ಕೂರುವುದು. ತಿಳಿದವರು ಪ್ರತಿ ಕನೆಕ್ಟರಿಗೂ ಚೀಟಿ ಅಂಟಿಸಿ, ಇಡೀ ಕಂತೆಯನ್ನು ಹಾಗೇ ಚಾಸಿಯ ಮೇಲೆ ಹರವಿ, ಎಂಜಿನ್ ಓಡಿಸಿ ನೋಡಿಕೊಳ್ಳುತ್ತಾರೆ. ಆಮೇಲೆ ಒಂದೊಂದೇ ವೈರು ತೆಗೆಯುತ್ತಾರೆ. ನೋಡಲು ಜಟೆ ಬಿಚ್ಚಿದಂತಿದ್ದರೂ ಅದೇ ಹತ್ತಿರದ ದಾರಿ. ಓಡುತ್ತಿದ್ದ ಎಂಜಿನ್ ನಿಂತರೆ ಕೊನೆಗೆ ಕತ್ತರಿಸಿದ ವೈರೇ ಕಾರಣ ಎಂಬುದು ಆಗ ಖಚಿತ.

ಮೊದಲು ಅರ್ಥಿಂಗ್. ಮನೆಯಲ್ಲಿ ಕಟ್ಟಿದ ಕಾರು ಸ್ಟಾರ್ಟ್ ಆಗದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇಸಿಯುವನ್ನಲ್ಲ, ಅರ್ಥಿಂಗನ್ನು. ಚಾಸಿಗೆ ಚೆಂದವಾಗಿ ಪೌಡರ್ ಕೋಟಿಂಗ್ ಮಾಡಿಸಿರುತ್ತಾರೆ. ಆ ಬಣ್ಣ ವಿದ್ಯುತ್ತನ್ನು ಬಿಡುವುದಿಲ್ಲ. ಎಂಜಿನ್ ಕೂತಿರುವುದು ರಬ್ಬರಿನ ಮೌಂಟಿಂಗ್ ಮೇಲೆ, ರಬ್ಬರೂ ಬಿಡುವುದಿಲ್ಲ. ಎಂಜಿನ್‌ಗೂ ಚಾಸಿಗೂ ನಡುವೆ ದಪ್ಪ ಪಟ್ಟಿ ಹಾಕದೆ ಸೆಲ್ಫ್ ಹೊಡೆದರೆ ನೂರಕ್ಕೂ ಹೆಚ್ಚು ಆಂಪಿಯರ್ ಕರೆಂಟು ಸಿಕ್ಕ ದಾರಿ ಹಿಡಿಯುತ್ತದೆ. ಆ ದಾರಿ ಎಷ್ಟೋ ಸಲ ಆಕ್ಸಿಲರೇಟರ್ ಕೇಬಲ್. ಕೇಬಲ್ ಕಾದು ಹೊಗೆಯಾಡಿದರೆ ಅದಕ್ಕೆ ಬೇರೆ ವಿವರಣೆ ಬೇಕಿಲ್ಲ. ಬಣ್ಣ ಕೆರೆದು, ಬರಿ ಲೋಹಕ್ಕೆ ಬೋಲ್ಟ್ ಬಿಗಿದು, ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಋಣ ತುದಿಗೂ ಎಂಜಿನ್ ಬ್ಲಾಕಿಗೂ ನಡುವೆ ವೋಲ್ಟೇಜ್ ಅಳೆಯಬೇಕು. ವೋಲ್ಟಿನ ಒಂದೆರಡು ದಶಾಂಶದೊಳಗಿದ್ದರೆ ಸರಿ. ಮೂಲ ಎಂಎಕ್ಸ್-5ರಲ್ಲಿ ಬ್ಯಾಟರಿ ಡಿಕ್ಕಿಯಲ್ಲಿತ್ತು. ಕಿಟ್ ಕಾರಿನಲ್ಲಿ ಸಾಮಾನ್ಯವಾಗಿ ಮುಂದಕ್ಕೆ ಬರುತ್ತದೆ. ಜಾಗ ಬದಲಾದಾಗ ಹಳೆಯ ಅರ್ಥ್ ವೈರುಗಳಲ್ಲಿ ಯಾವುದು ಎಲ್ಲಿಗೆ ಹೋಗುತ್ತಿತ್ತು ಎಂಬ ಲೆಕ್ಕ ತಪ್ಪುವುದೇ ಹೆಚ್ಚು.

ಪೆಟ್ರೋಲಿನ ವಿಷಯದಲ್ಲಿ ಉಳಿತಾಯದ ಬುದ್ಧಿ ಕೂಡದು. ಕಾರ್ಬುರೇಟರಿಗೆ ಕಾಲು ಬಾರ್ ಒತ್ತಡ ಸಾಕಿತ್ತು. ಇಂಜೆಕ್ಷನ್ನಿಗೆ ಸುಮಾರು 3 ಬಾರ್ ಬೇಕು. ಹಳೆಯ ರಬ್ಬರ್ ಪೈಪೂ ಸಾದಾ ಕ್ಲಿಪ್ಪೂ ಈ ಒತ್ತಡಕ್ಕೆ ತಡೆಯುವುದಿಲ್ಲ. ಸೀಳು ಬಿಟ್ಟರೆ ತೊಟ್ಟಿಕ್ಕುವುದಿಲ್ಲ, ಬಿಸಿ ಎಕ್ಸಾಸ್ಟಿನ ಮೇಲೆ ಚಿಮ್ಮುತ್ತದೆ. ಬ್ರಿಟನ್ನಿನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 10ರವರೆಗೆ ಎಥೆನಾಲ್ ಇರುವುದರಿಂದ ರಬ್ಬರ್ ಅದನ್ನೂ ತಾಳಿಕೊಳ್ಳುವಂಥದ್ದಾಗಬೇಕು. ಇಂಜೆಕ್ಟರುಗಳಿಗೆ ಬೇಡವಾದ ಪೆಟ್ರೋಲ್ ಟ್ಯಾಂಕಿಗೆ ಮರಳಲು ಇನ್ನೊಂದು ಪೈಪು ಬೇಕು. ಅದನ್ನು ಮರೆತರೆ ಒತ್ತಡ ಏರುತ್ತಲೇ ಹೋಗುತ್ತದೆ. ಪುಟ್ಟ ಟ್ಯಾಂಕು ಮಾಡಿಕೊಂಡವರಿಗೆ ಇನ್ನೊಂದು ತೊಡಕು: ತಿರುವಿನಲ್ಲಿ ಪೆಟ್ರೋಲ್ ಒಂದು ಮೂಲೆಗೆ ಸರಿದು ಪಂಪು ಗಾಳಿ ಕುಡಿಯುತ್ತದೆ. ಅದಕ್ಕೆ ನಡುವೆ ಒಂದು ಚಿಕ್ಕ ಪಾತ್ರೆಯಿಟ್ಟು, ಒಂದು ಪಂಪು ಅದನ್ನು ಸದಾ ತುಂಬಿಡುವಂತೆ, ಇನ್ನೊಂದು ಅಲ್ಲಿಂದ ಎಳೆಯುವಂತೆ ಮಾಡುತ್ತಾರೆ. ಮಜ್ದಾದ ತಪಾಸಣೆಯ ಪುಟ್ಟ ಪೆಟ್ಟಿಗೆಯಲ್ಲಿ ಎರಡು ಪಿನ್ನುಗಳನ್ನು ಒಂದು ತುಂಡು ವೈರಿನಿಂದ ಕೂಡಿಸಿದರೆ ಎಂಜಿನ್ ತಿರುಗದೆಯೇ ಪಂಪು ಓಡುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು ಐದು ನಿಮಿಷ ಹಾಗೆ ಓಡಿಸಿ, ಪ್ರತಿ ಕೀಲನ್ನೂ ಒಣ ಬಟ್ಟೆಯಲ್ಲಿ ಮುಟ್ಟಿ ನೋಡುವುದು ವಾಡಿಕೆ.

ವರ್ಷಗಟ್ಟಲೆ ಗ್ಯಾರೇಜಿನ ಮೂಲೆಯಲ್ಲಿದ್ದ ಎಂಜಿನ್ನಿನಲ್ಲಿ ಆಯಿಲ್ ಕೆಳಗಿಳಿದಿರುತ್ತದೆ. ಪ್ಲಗ್ಗುಗಳನ್ನು ಬಿಚ್ಚಿ, ಕಿಡಿಯನ್ನೂ ಇಂಜೆಕ್ಟರನ್ನೂ ಕಳಚಿಟ್ಟು, ಆಯಿಲ್ ಒತ್ತಡದ ಮುಳ್ಳು ಏಳುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಬೇಕು. ಪ್ಲಗ್ ವೈರುಗಳನ್ನು ಮರಳಿ ಹಾಕುವಾಗ ಗಮನಿಸಬೇಕಾದದ್ದು ಒಂದು: ಈ ಎಂಜಿನ್ನಿನಲ್ಲಿ 1 ಮತ್ತು 4ನೇ ಸಿಲಿಂಡರಿಗೆ ಒಂದು ಕಾಯಿಲ್, 2 ಮತ್ತು 3ಕ್ಕೆ ಇನ್ನೊಂದು. ಜೋಡಿ ತಪ್ಪಿದರೆ ಎಂಜಿನ್ ಗಾಳಿ ಎಳೆಯುವ ಬಾಯಿಂದಲೇ ಪಟಾಕಿ ಹೊಡೆಯುತ್ತದೆ.

ಇನ್ನು ಕೀಲಿ ತಿರುಗಿಸಬಹುದು. ಇಲ್ಲಿಯೇ ಈ ಎಂಜಿನ್ನಿನ ಹೆಸರಾಂತ ಚೇಷ್ಟೆ ಎದುರಾಗುವುದು. ಸೆಲ್ಫ್ ಹೊಡೆದಾಗ ಎಂಜಿನ್ ಹತ್ತಿಕೊಳ್ಳುತ್ತದೆ. ಗ್ಯಾರೇಜಿನಲ್ಲಿ ಕೇಕೆ ಏಳುತ್ತದೆ. ಕೀಲಿ ಬಿಟ್ಟೊಡನೆ ಎಂಜಿನ್ ನಿಲ್ಲುತ್ತದೆ. ಮತ್ತೆ ಹೊಡೆದರೆ ಮತ್ತೆ ಹತ್ತುತ್ತದೆ, ಮತ್ತೆ ನಿಲ್ಲುತ್ತದೆ. ಕಿಡಿ ಇದೆ, ಪೆಟ್ರೋಲ್ ಇದೆ, ಒತ್ತಡ ಇದೆ. ಪ್ಲಗ್ಗು ಬದಲಿಸಿ, ಫಿಲ್ಟರ್ ಬದಲಿಸಿ, ಕೊನೆಗೆ ಸಾಲ ಮಾಡಿ ಇನ್ನೊಂದು ಇಸಿಯು ತಂದವರೂ ಇದ್ದಾರೆ.

ಕಾರಣ ಇರುವುದು ಗಾಳಿ ಅಳೆಯುವ ಪೆಟ್ಟಿಗೆಯಲ್ಲಿ. ಎಂಜಿನ್ ಎಳೆದುಕೊಳ್ಳುವ ಗಾಳಿ ಈ ಪೆಟ್ಟಿಗೆಯೊಳಗಿನ ಸ್ಪ್ರಿಂಗ್ ಕದವೊಂದನ್ನು ತಳ್ಳಿಕೊಂಡು ಹೋಗುತ್ತದೆ. ಕದ ಎಷ್ಟು ತೆರೆಯಿತು ಎಂಬುದರಿಂದ ಇಸಿಯುಗೆ ಗಾಳಿಯ ಅಳತೆ ತಿಳಿಯುತ್ತದೆ. ಬೆಂಗಳೂರಿಗರು ‘ಮೈಕೋ’ ಎಂದೇ ಬಲ್ಲ ಬಾಷ್ ಕಂಪನಿ 1970ರ ದಶಕದಲ್ಲಿ ತನ್ನ ಎಲ್-ಜೆಟ್ರಾನಿಕ್ ವ್ಯವಸ್ಥೆಯಲ್ಲಿ ಬಳಕೆಗೆ ತಂದ ಉಪಾಯ ಇದು. ಆ ಕದದ ಹಿಂದೆಯೇ ಒಂದು ಚಿಕ್ಕ ಸ್ವಿಚ್ ಅಡಗಿದೆ. ಕದ ತುಸು ಸರಿದರೆ ಸ್ವಿಚ್ ಕೂಡಿ ಪೆಟ್ರೋಲ್ ಪಂಪು ಓಡುತ್ತದೆ, ಕದ ಮುಚ್ಚಿದರೆ ಪಂಪು ನಿಲ್ಲುತ್ತದೆ. ಅಪಘಾತದಲ್ಲಿ ಎಂಜಿನ್ ನಿಂತರೆ ಹರಿದ ಪೈಪಿನಿಂದ ಪೆಟ್ರೋಲ್ ಚಿಮ್ಮುತ್ತಲೇ ಇರಬಾರದು ಎಂಬುದು ಇದರ ಉದ್ದೇಶ. ಆದರೆ ಎಂಜಿನ್ ಇನ್ನೂ ತಿರುಗದಿದ್ದಾಗ ಕದ ತೆರೆಯುವುದೆಂತು? ಅದಕ್ಕೆಂದು ಪಂಪಿನ ರಿಲೇಗೆ ಎರಡು ಸುರುಳಿ ಕೊಟ್ಟಿದ್ದಾರೆ: ಒಂದಕ್ಕೆ ಸ್ಟಾರ್ಟರಿನ ವೈರಿನಿಂದ ಅಪ್ಪಣೆ, ಇನ್ನೊಂದಕ್ಕೆ ಕದದ ಸ್ವಿಚ್ಚಿನಿಂದ. ಸೆಲ್ಫ್ ಹೊಡೆಯುವಷ್ಟು ಹೊತ್ತು ಮೊದಲನೆಯದು ಪಂಪನ್ನು ಓಡಿಸುತ್ತದೆ. ಕೀಲಿ ಬಿಟ್ಟ ಕ್ಷಣ ಎರಡನೆಯದು ಹೊಣೆ ಹೊರಬೇಕು. ಗಾಳಿಪೆಟ್ಟಿಗೆಯ ಆ ಒಂದು ವೈರು ತುಂಡಾಗಿದ್ದರೆ ಹೊರುವವರು ಯಾರೂ ಇಲ್ಲ. ಏರ್ ಫಿಲ್ಟರ್ ಕಳಚಿ ಬೆರಳಿನಿಂದ ಕದವನ್ನು ಒಳಕ್ಕೆ ತಳ್ಳಿ ಹಿಡಿದರೆ, ಕೀಲಿ ಆನ್ ಇದ್ದಾಗ ಕಾರಿನ ಹಿಂಬದಿಯಿಂದ ಪಂಪಿನ ಸದ್ದು ಬರಬೇಕು. ಬಂದರೆ ವೈರು ಸರಿಯಿದೆ; ಬರದಿದ್ದರೆ ಇಸಿಯು ಕೊಳ್ಳುವ ಖರ್ಚು ಉಳಿಯಿತು.

ಎಂಜಿನ್ ನಿಲ್ಲದೆ ಓಡತೊಡಗಿದ ಮೇಲೆ ಮೊದಲ ಕೆಲವು ನಿಮಿಷ ಮೇಲ್ಭಾಗದಿಂದ ಟಕಟಕ ಸದ್ದು ಬರುತ್ತದೆ. ವಾಲ್ವುಗಳ ಮೇಲಿನ ಹೈಡ್ರಾಲಿಕ್ ಟ್ಯಾಪೆಟ್ಟುಗಳಿಗೆ ಆಯಿಲ್ ತುಂಬುವ ಸದ್ದು ಅದು, ಎದೆ ಒಡೆದುಕೊಳ್ಳಬೇಕಿಲ್ಲ. ಕಿವಿಗೊಡಬೇಕಾದದ್ದು ಎಂಜಿನ್ನಿನ ಲಯಕ್ಕೆ. ಐಡ್ಲಿಂಗಿನಲ್ಲಿ ನಿಮಿಷಕ್ಕೆ 850 ಸುತ್ತಿನ ಆಸುಪಾಸು ಇರಬೇಕಾದದ್ದು ಏರುತ್ತ ಇಳಿಯುತ್ತ ಉಯ್ಯಾಲೆಯಾಡಿದರೆ ಗಾಳಿ ಕಳ್ಳದಾರಿಯಿಂದ ಒಳಬರುತ್ತಿದೆ ಎಂದರ್ಥ. ಕದ ತಳ್ಳದೆ ಬಂದ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ, ಅದಕ್ಕೆ ಪೆಟ್ರೋಲೂ ಸಿಗುವುದಿಲ್ಲ. ಬಾನೆಟ್ಟಿನಡಿ ಜಾಗ ಸಾಲದೆ ಹೊಸದಾಗಿ ಬಾಗಿಸಿ ಹಾಕಿದ ರಬ್ಬರ್ ಕೊಳವೆ ಮೊದಲ ಶಂಕಿತ. ಆಯಿಲ್ ನೋಡುವ ಕಡ್ಡಿಯನ್ನು ಪೂರ್ತಿ ಒತ್ತದಿದ್ದರೂ ಸಾಕು, ಅಲ್ಲಿಂದಲೂ ಗಾಳಿ ನುಸುಳುತ್ತದೆ.

ಕಪ್ಪು ಹೊಗೆ ಬಂದು ಪ್ಲಗ್ಗು ಒದ್ದೆಯಾಗುತ್ತಿದ್ದರೆ ನೀರಿನ ಶಾಖದ ಸೆನ್ಸರ್ ನೋಡಬೇಕು. 20 ಡಿಗ್ರಿಯಲ್ಲಿ ಅದರ ರೋಧ ಸುಮಾರು 2.5 ಕಿಲೊ ಓಮ್, 80 ಡಿಗ್ರಿಯಲ್ಲಿ ಸುಮಾರು 0.3. ಕನೆಕ್ಟರ್ ಕಳಚಿದ್ದರೆ ರೋಧ ಅಪಾರವಾಗಿ, ಎಲ್ಲೂ ಇರದಂಥ ಚಳಿ ಇದೆ ಎಂದು ಇಸಿಯುಗೆ ತೋರುತ್ತದೆ. ಅಂಥ ಚಳಿಗೆ ತಕ್ಕಷ್ಟು ಪೆಟ್ರೋಲ್ ಸುರಿಯುವುದು ಅದರ ಧರ್ಮ. ಡ್ಯಾಶ್‌ಬೋರ್ಡಿನ ಮುಳ್ಳಿಗೆ ಬೇರೆಯೇ ಸೆನ್ಸರ್ ಇರುವುದರಿಂದ ಮುಳ್ಳು ಸರಿಯಾಗಿ ತೋರಿಸುತ್ತಿದೆ ಎಂಬುದು ಸಾಕ್ಷಿಯಾಗದು. ರೇಡಿಯೇಟರ್ ಎಂಜಿನ್ನಿಗಿಂತ ಕೆಳಗೆ, ಮೂತಿಯಲ್ಲಿರುವ ಕಾರುಗಳಲ್ಲಿ ನೀರಿನ ದಾರಿಯಲ್ಲಿ ಏರ್ ಲಾಕ್ ಆಗುವುದು ಮಾಮೂಲು. ಮುಂಭಾಗವನ್ನು ಜಾಕ್ ಹಾಕಿ ಎತ್ತಿ ಗಾಳಿ ಬಿಡಬೇಕು.

ಮೂಲ ಇಸಿಯು ಬೇಡವೆನ್ನುವವರಿಗೆ ಬೇರೆ ದಾರಿಯಿದೆ. 2001ರಲ್ಲಿ ಬ್ರೂಸ್ ಬೌಲಿಂಗ್ ಮತ್ತು ಅಲ್ ಗ್ರಿಪ್ಪೊ ಎಂಬ ಇಬ್ಬರು ಅಮೆರಿಕನ್ನರು ‘ಮೆಗಾಸ್ಕ್ವರ್ಟ್’ ಎಂಬ ಇಸಿಯುವನ್ನು ಹವ್ಯಾಸಿಗಳು ತಾವೇ ಬೆಸೆದುಕೊಳ್ಳುವ ಕಿಟ್ಟಾಗಿ ತಂದರು. ಇದಕ್ಕೆ ಕದದ ಪೆಟ್ಟಿಗೆ ಬೇಕಿಲ್ಲ. ಮ್ಯಾನಿಫೋಲ್ಡಿನ ಒತ್ತಡ, ಗಾಳಿಯ ಶಾಖ, ಎಂಜಿನ್ನಿನ ವೇಗದಿಂದಲೇ ಗಾಳಿಯನ್ನು ಅಂದಾಜು ಮಾಡುತ್ತದೆ. ಆ ಅಂದಾಜಿನ ಕೋಷ್ಟಕವನ್ನು ತುಂಬುವವರು ಕಾರು ಕಟ್ಟುವವರೇ. ಹೊಸ ಮಾದರಿಗಳಲ್ಲಿ 16ಕ್ಕೆ 16, ಅಂದರೆ 256 ಮನೆ. ತುಂಬುವ ಮೊದಲು ಟೈಮಿಂಗ್ ಲೈಟ್ ಹಿಡಿದು, ಲ್ಯಾಪ್‌ಟಾಪ್ ಕಿಡಿ 10 ಡಿಗ್ರಿಯಲ್ಲಿ ಎಂದಾಗ ಕ್ರ್ಯಾಂಕಿನ ಗುರುತೂ 10 ಡಿಗ್ರಿಯಲ್ಲೇ ನಿಂತಿದೆಯೇ ಎಂದು ನೋಡಿಕೊಳ್ಳಬೇಕು. ಇಲ್ಲವಾದರೆ 256 ಮನೆಗಳೂ ತಪ್ಪು ಅಡಿಪಾಯದ ಮೇಲೆ ಎದ್ದವು. ಇಂಥದೇ ಪಾಡು ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ರೇಸ್ ಕಾರು ಕಟ್ಟುವ ಫಾರ್ಮುಲಾ ಸ್ಟೂಡೆಂಟ್ ತಂಡಗಳದ್ದು. ಅವರು ಬಳಸುವ ಎಂಜಿನ್‌ಗಳಲ್ಲಿ ಕೆಟಿಎಂ 390 ಬೈಕಿನ 373 ಸಿಸಿ ಎಂಜಿನ್ ಒಂದು. ನಿಯಮದಂತೆ ಗಾಳಿ 20 ಮಿಲಿಮೀಟರಿನ ಕಂಡಿಯಿಂದಲೇ ಬರಬೇಕು. ಆ ಕಂಡಿ ಹಾಕಿದ ಮೇಲೆ ಬೈಕಿನ ಇಸಿಯು ಬಲ್ಲ ಲೆಕ್ಕ ಹೊಂದುವುದಿಲ್ಲ.

ಆ ಕಾರುಗಳು ಟ್ರ್ಯಾಕಿಗಷ್ಟೇ. ಬ್ರಿಟನ್ನಿನಲ್ಲಾದರೆ ಮನೆಯಲ್ಲಿ ಕಟ್ಟಿದ ಕಾರಿಗೂ ರಸ್ತೆಗಿಳಿಯುವ ಯೋಗವಿದೆ. 1998ರಲ್ಲಿ ಆರಂಭವಾದ ಒಂಟಿ ಕಾರಿನ ತಪಾಸಣೆ 2009ರಿಂದ ಐವಿಎ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಕಾರಿನ ಹೊರಗಿನ ಚೂಪು ಅಂಚುಗಳಿಂದ ಹಿಡಿದು ಸೀಟ್ ಬೆಲ್ಟಿನವರೆಗೆ ಎಲ್ಲವನ್ನೂ ಅಳೆಯುತ್ತಾರೆ. ಹೊಗೆಯ ಮಿತಿ ನಿಂತಿರುವುದು ಎಂಜಿನ್ನಿನ ವಯಸ್ಸಿನ ಮೇಲೆ. ಹಳೆಯ ಎಂಜಿನ್ನಿಗೆ ಸಡಿಲ ಮಿತಿ. ಕೆಟಲಿಟಿಕ್ ಕನ್ವರ್ಟರ್ ಕಾಲದ ಎಂಜಿನ್ನಿಗೆ ಗಾಳಿ-ಪೆಟ್ರೋಲಿನ ಹದ ತೋರುವ ಲ್ಯಾಂಬ್ಡಾ 0.97ರಿಂದ 1.03ರ ನಡುವೆ ಇರಬೇಕು. ದಾಖಲೆ ಇಲ್ಲದ ಎಂಜಿನ್ನನ್ನು ಹೊಸದರ ಮಿತಿಯಲ್ಲೇ ಅಳೆದಾರು ಎಂದು ಜಾಣರು ದಾನಿ ಕಾರಿನ ಕಾಗದಗಳನ್ನು ಜೋಪಾನ ಮಾಡಿರುತ್ತಾರೆ. ಎಕ್ಸಾಸ್ಟಿನ ಕೀಲಿನಲ್ಲಿ ಸೂಜಿಮೊನೆಯಷ್ಟು ಸೋರಿಕೆಯಿದ್ದರೂ ಹೊರಗಿನ ಗಾಳಿ ಸೇರಿ ಅಳತೆ ಕೆಡುತ್ತದೆ. ತಣ್ಣಗಿನ ಕನ್ವರ್ಟರ್ ಕೆಲಸ ಮಾಡುವುದಿಲ್ಲವಾದ್ದರಿಂದ, ಕಾರನ್ನು ಟ್ರೇಲರ್ ಮೇಲೆ ತಂದವರು ಸರದಿ ಬರುವವರೆಗೆ ಎಂಜಿನ್ ಓಡಿಸುತ್ತ ಕಾಯುತ್ತಾರೆ. ಪಾಸಾದ ಕಾರಿನ ವಯಸ್ಸು ಇಂಥದೇ ಎಂದು ಗೊತ್ತುಮಾಡಲಾಗದಿದ್ದರೆ ಅದಕ್ಕೆ ‘ಕ್ಯೂ’ ಅಕ್ಷರದಿಂದ ಶುರುವಾಗುವ ನಂಬರ್ ಪ್ಲೇಟ್ ಸಿಗುತ್ತದೆ.