ಬ್ರಿಟ್ನಿಯ ಹಾಡಿನಲ್ಲಿ ಬಾಂಬೆಯ ಪಿಟೀಲು

ಬಸವನಗುಡಿಯ ಆ ಮನೆಯ ನಡುಕೋಣೆಯಲ್ಲಿ ಗೋಡೆಯೇ ಕಾಣುವುದಿಲ್ಲ. ನೆಲದಿಂದ ಸೂರಿನವರೆಗೆ ಎಲ್‌ಪಿ ರೆಕಾರ್ಡುಗಳು. ಯಜಮಾನರು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದವರು, ಬೀದಿಯವರಿಗೆಲ್ಲ ಮೇಷ್ಟ್ರು. ಎಪ್ಪತ್ತರ ದಶಕದ ಕನ್ನಡ ಚಿತ್ರಗೀತೆಗಳ ರೆಕಾರ್ಡು ನೋಡಲೆಂದು ಹೋದವನು ನಾನು. ಮಾತು ಎಸ್‌ಪಿಬಿ ಕಡೆಗೆ ಹೊರಳಿ, ಅಲ್ಲಿಂದ ‘ಏಕ್ ದೂಜೇ ಕೇ ಲಿಯೇ’ ಎಂಬ ಹಿಂದಿ ಚಿತ್ರದ ಹಾಡಿಗೆ ಬಂತು.

“ಬ್ರಿಟ್ನಿ ಸ್ಪಿಯರ್ಸ್ ಇದನ್ನೇ ಎತ್ಕೊಂಡಿದಾಳಂತಲ್ಲ ಮೇಷ್ಟ್ರೇ?”

“ಅಂತೆ ಕಂತೆ ಯಾಕೆ? ಕೂತ್ಕೊಳ್ಳಿ, ಕೇಳಿಸ್ತೀನಿ.”

ಕವರಿನಿಂದ ರೆಕಾರ್ಡು ತೆಗೆದು, ಮಖಮಲ್ಲಿನ ಬಟ್ಟೆಯಿಂದ ಸುತ್ತಲೂ ಒರೆಸಿ, ಮುಳ್ಳು ಇಳಿಸಿದರು. ‘ತೇರೇ ಮೇರೇ ಬೀಚ್ ಮೇ’ ಶುರುವಾಯಿತು. ನಮಗೆಲ್ಲ ಗೊತ್ತಿರುವ ಹಾಡೇ. ಲತಾ, ಎಸ್‌ಪಿಬಿ, ನಡುನಡುವೆ ಪಿಟೀಲುಗಳ ದಂಡು. ಪಿಟೀಲಿನ ಒಂದು ತುಣುಕು ಬಂದಾಗ ಮೇಷ್ಟ್ರು ಬೆರಳೆತ್ತಿ ನನ್ನನ್ನು ನೋಡಿದರು. ಪರಿಚಿತ ಅನ್ನಿಸಿತು, ಅಷ್ಟೆ. ಮುಳ್ಳನ್ನು ಹಿಂದಕ್ಕೆ ಒಯ್ದು ಅದೇ ಜಾಗಕ್ಕೆ ತಂದರು. ಈ ಸಲ ಗುಂಡಿಯನ್ನು 33ರಿಂದ 45ಕ್ಕೆ ತಿರುಗಿಸಿ ಬಿಟ್ಟರು.

ಮೈ ಜುಂ ಅಂದಿತು. ಎದುರಿಗೆ ಅದೇ ಹಳೆಯ ರೆಕಾರ್ಡು ತಿರುಗುತ್ತಿದೆ, ಕಿವಿಗೆ ಮಾತ್ರ ಬ್ರಿಟ್ನಿಯ ‘ಟಾಕ್ಸಿಕ್’ ಕೇಳುತ್ತಿದೆ! ಮೇಲಕ್ಕೆ ಜಾರುವ ಆ ಚೂಪಾದ ಎಳೆತ, ಅದರ ಬೆನ್ನಿಗೇ ಸ್ವರಗಳ ಓಟ. ಮರುಕ್ಷಣ ಲತಾ ಅವರ ದನಿ ಪುಟ್ಟ ಮಗುವಿನ ದನಿಯಾಗಿ ಬಂದು ಮೇಷ್ಟ್ರು ಮುಳ್ಳೆತ್ತಿಬಿಟ್ಟರು. “ದೇವತೆ ಹಾಡೋದನ್ನ ಹಂಗೆಲ್ಲ ಓಡಿಸಬಾರದು” ಅಂದರು.

ಅವರ ಲೆಕ್ಕ ಸರಳ. 33 ಮತ್ತು ಮೂರನೇ ಒಂದು ಸುತ್ತಿನ ರೆಕಾರ್ಡನ್ನು 45ಕ್ಕೆ ಓಡಿಸಿದರೆ ವೇಗ 1.35 ಪಟ್ಟು. ವೇಗದ ಜೊತೆಗೆ ಶ್ರುತಿಯೂ ಏರಬೇಕು. ಷಡ್ಜದಿಂದ ಶುದ್ಧ ಮಧ್ಯಮಕ್ಕೆ ಅನುಪಾತ 4:3, ಅಂದರೆ ಸುಮಾರು 1.33. ಹಾಗಾಗಿ ಸ ಇದ್ದದ್ದು ಕೂದಲೆಳೆ ಮೇಲಿನ ಮ ಆಗುತ್ತದೆ. ಬ್ರಿಟ್ನಿಯ ಹಾಡಿನ ಶ್ರುತಿಯೂ ವೇಗವೂ ಇದೇ ಅಂತಲ್ಲ. ಆದರೆ ನಿಧಾನದಲ್ಲಿ ಕರುಣೆಯಾಗಿ ಕೇಳುವ ಪಿಟೀಲು ವೇಗ ಏರಿದೊಡನೆ ಅಪಾಯದ ಸೂಚನೆಯಾಗಿಬಿಡುವುದನ್ನು ಕಿವಿಯಾರೆ ಕೇಳಿದ ಮೇಲೆ, ಸ್ವೀಡನ್ನಿನ ಹುಡುಗರಿಗೆ ಇದರಲ್ಲಿ ಏನು ಕಂಡಿತೆಂದು ಯಾರೂ ವಿವರಿಸಬೇಕಾಗಿಲ್ಲ.

ಸ್ವೀಡನ್ನಿನವರು ಅಂದದ್ದು ಬ್ಲಡ್‌ಶೈ ಅಂಡ್ ಅವಾಂಟ್ ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತಿದ್ದ ಕ್ರಿಶ್ಚಿಯನ್ ಕಾರ್ಲ್‌ಸನ್ ಮತ್ತು ಪಾಂಟಸ್ ವಿನ್‌ಬರ್ಗ್ ಜೋಡಿಗೆ. ಹೆನ್ರಿಕ್ ಯಾನ್‌ಬ್ಯಾಕ್ ಮತ್ತು ಇಂಗ್ಲೆಂಡಿನ ಕ್ಯಾಥಿ ಡೆನ್ನಿಸ್ ಜೊತೆಗೂಡಿ ಇವರು ಕಟ್ಟಿದ ‘ಟಾಕ್ಸಿಕ್’ 2003ರ ನವೆಂಬರ್‌ನಲ್ಲಿ ಬಂದ ‘ಇನ್ ದ ಝೋನ್’ ಆಲ್ಬಮ್‌ನಲ್ಲಿತ್ತು. ಮೊದಲು ಕೈಲಿ ಮಿನೋಗ್ ಅವರಿಗೆ ಹೋಗಿದ್ದ ಹಾಡು ಇದು, ಆಕೆ ಒಲ್ಲೆ ಅಂದರು. 2004ರ ಜನವರಿಯಲ್ಲಿ ಸಿಂಗಲ್ ಆಗಿ ಹೊರಬಂದು ಬ್ರಿಟನ್ನಿನಲ್ಲಿ ಮೊದಲ ಸ್ಥಾನ, ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 9ನೇ ಸ್ಥಾನ ಕಂಡಿತು. 2005ರಲ್ಲಿ ಅತ್ಯುತ್ತಮ ಡ್ಯಾನ್ಸ್ ರೆಕಾರ್ಡಿಂಗ್‌ಗೆ ಗ್ರ್ಯಾಮಿ ಬಂತು. ಬ್ರಿಟ್ನಿಯ ಬಳಿ ಇರುವ ಗ್ರ್ಯಾಮಿ ಅದೊಂದೇ.

ನಮ್ಮ ಕಡೆಯ ಪತ್ರಿಕೆಗಳು ಆಗಲೂ ಆಮೇಲೂ ಬರೆದದ್ದು ಹೆಚ್ಚುಕಡಿಮೆ ಒಂದೇ ಧಾಟಿಯಲ್ಲಿ: ಲತಾ ಮತ್ತು ಎಸ್‌ಪಿಬಿ ಹಾಡು ಬ್ರಿಟ್ನಿಯ ಪಾಲಾಯಿತು, ಭಾರತೀಯರಿಗೆ ಹೆಮ್ಮೆ. ಈ ಮಾತಿಗೆ ನನ್ನ ತಕರಾರಿದೆ. ‘ಟಾಕ್ಸಿಕ್’ನಲ್ಲಿ ಲತಾ ಇಲ್ಲ, ಎಸ್‌ಪಿಬಿ ಇಲ್ಲ, ಪಲ್ಲವಿಯ ರಾಗ ಇಲ್ಲ, ಗೀತಕಾರ ಆನಂದ್ ಬಕ್ಷಿಯವರ ಒಂದು ಅಕ್ಷರವೂ ಇಲ್ಲ. ಹಿಂದಿ ಹಾಡಿಗೆ ಫಿಲ್ಮ್‌ಫೇರ್ ಬಂದದ್ದು ಬಕ್ಷಿಯವರಿಗೆ, ರಾಷ್ಟ್ರ ಪ್ರಶಸ್ತಿ ಬಂದದ್ದು ಎಸ್‌ಪಿಬಿಗೆ. ಕಡಲು ದಾಟಿದ್ದು ಮಾತ್ರ ಇವರಿಬ್ಬರೂ ಮಾಡದ ಕೆಲಸ. ನಮ್ಮ ವಾದ್ಯಗೋಷ್ಠಿಯವರು ಬಿಜಿಎಂ ಅನ್ನುತ್ತಾರಲ್ಲ, ಆ ಭಾಗ. ಗಾಯಕರು ಉಸಿರು ತೆಗೆದುಕೊಳ್ಳುವ ಹೊತ್ತಿನಲ್ಲಿ ಪಿಟೀಲಿನವರು ಬಾರಿಸುವ ತುಣುಕುಗಳು. ಹಾಡಿನ ಬೇರೆ ಬೇರೆ ಜಾಗದ ಎರಡು ತುಣುಕು ಕತ್ತರಿಸಿ, ವೇಗ ಮತ್ತು ಶ್ರುತಿ ಬದಲಿಸಿ, ಒಂದರ ಬಾಲಕ್ಕೆ ಇನ್ನೊಂದನ್ನು ಹೊಂದಿಸಿದ್ದಾರೆ. ಹೊಲಿಗೆ ಎಲ್ಲಿದೆಯೆಂದು ಗೊತ್ತಾಗುವುದಿಲ್ಲ. ಈ ಕೈಚಳಕವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಇನ್ನೂ ಮೆಚ್ಚುವುದು, ಪಿಟೀಲಿನ ಕೆಲಸವನ್ನು ಅವರು ಬದಲಿಸದೆ ಬಿಟ್ಟದ್ದನ್ನು. ಬಾಂಬೆಯಲ್ಲಿ ದನಿಗೂ ದನಿಗೂ ನಡುವೆ ಬರುತ್ತಿದ್ದ ಪಿಟೀಲು ಸ್ಟಾಕ್‌ಹೋಮಿನಲ್ಲೂ ಬ್ರಿಟ್ನಿ ಸುಮ್ಮನಾದ ಕಡೆಯೇ ನುಗ್ಗಿ ಬರುತ್ತದೆ.

ಅಂಥ ಪಿಟೀಲು ಯಾಕೆ ಬಾಂಬೆಯಲ್ಲೇ ಹುಟ್ಟಿತು? ಹಿಂದಿ ಸಿನಿಮಾದ ಸ್ಟುಡಿಯೋಗಳಲ್ಲಿ ಪಿಟೀಲು ಹಿಡಿದು ಕೂತವರಲ್ಲಿ ದೊಡ್ಡ ಪಾಲು ಗೋವಾದವರು. ಚರ್ಚಿನ ಶಾಲೆಗಳಲ್ಲಿ ಪಾಶ್ಚಾತ್ಯ ಸ್ವರಲಿಪಿ ಓದಲು ಕಲಿತು, ಹೊಟ್ಟೆಪಾಡಿಗೆ ಬಾಂಬೆ ಸೇರಿದವರು. ಅವರ ಮುಂದೆ ಲಿಪಿ ಇಟ್ಟರೆ ಸಾಕು, ಇಡೀ ಸಾಲು ಒಂದೇ ಕಮಾನಿನಂತೆ ಎಳೆಯುತ್ತಿತ್ತು. ಆದರೆ ಬಾರಿಸಬೇಕಾದದ್ದು ನಮ್ಮ ರಾಗ. ಸ್ವರದಿಂದ ಸ್ವರಕ್ಕೆ ಜಾರಬೇಕು, ಮೀಂಡ್ ಬರಬೇಕು. ಯುರೋಪಿನ ಆರ್ಕೆಸ್ಟ್ರಾದಲ್ಲಿ ಸಂಯಮದಿಂದ ಬಳಸುವ ಆ ಜಾರಿಕೆಯನ್ನು ಇಲ್ಲಿ ಹತ್ತಾರು ಜನ ಒಟ್ಟಿಗೆ, ಎತ್ತರದ ಸ್ಥಾಯಿಯಲ್ಲಿ, ಮೈದುಂಬಿ ಬಾರಿಸಿದರು. ಜಗತ್ತಿನ ಬೇರೆ ಯಾವ ಊರಿನ ಸ್ಟುಡಿಯೋದಲ್ಲೂ ಈ ನಾದ ಇಷ್ಟು ಧಾರಾಳವಾಗಿ ಹರಿದಿಲ್ಲ ಎಂಬುದು ನನ್ನ ದೃಢ ನಂಬಿಕೆ.

‘ತೇರೇ ಮೇರೇ ಬೀಚ್ ಮೇ’ಗೆ ಸಂಗೀತ ಕೊಟ್ಟ ಲಕ್ಷ್ಮೀಕಾಂತ್ ಪ್ಯಾರೇಲಾಲ್ ಜೋಡಿಯಲ್ಲಿ ಲಕ್ಷ್ಮೀಕಾಂತ್ ಮ್ಯಾಂಡೊಲಿನ್ ವಾದಕರು, ಪ್ಯಾರೇಲಾಲ್ ಶರ್ಮಾ ಪಿಟೀಲು ವಾದಕರು. ಪ್ಯಾರೇಲಾಲರ ಪಿಟೀಲಿನ ಗುರು ಗೋವಾದ ಆ್ಯಂಥನಿ ಗೊನ್ಸಾಲ್ವಿಸ್. ಹೌದು, ಅದೇ ಹೆಸರು. 1977ರ ‘ಅಮರ್ ಅಕ್ಬರ್ ಆ್ಯಂಥನಿ’ಯಲ್ಲಿ ಅಮಿತಾಭ್ ಮೊಟ್ಟೆಯೊಳಗಿಂದ ಎದ್ದು ಬಂದು ಹೇಳಿಕೊಳ್ಳುವ ಹೆಸರು ಶಿಷ್ಯ ಗುರುವಿಗೆ ಒಪ್ಪಿಸಿದ ಕಾಣಿಕೆ. ದೇಶವೆಲ್ಲ ಆ ಹೆಸರನ್ನು ತಮಾಷೆಯ ಪಾತ್ರದ್ದೆಂದುಕೊಂಡಿತು. ಅದನ್ನು ಹೊತ್ತಿದ್ದ ಸಂಗೀತಗಾರ 2012ರಲ್ಲಿ ತೀರಿಕೊಂಡರು. ಲಕ್ಷ್ಮೀಕಾಂತ್ ಹೋದದ್ದು 1998ರಲ್ಲಿ. ತಮ್ಮ ಹಾಡಿನ ಪಿಟೀಲು ಸ್ಟಾಕ್‌ಹೋಮಿಗೆ ಹೋದದ್ದನ್ನು ಅವರು ಕೇಳಲಿಲ್ಲ. ಪ್ಯಾರೇಲಾಲರಿಗೆ 2024ರಲ್ಲಿ ಪದ್ಮಭೂಷಣ ಬಂತು.

ಇಲ್ಲಿ ಅದೇ ರೆಕಾರ್ಡಿನ ಇನ್ನೊಂದು ಹಾಡಿನ ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಎರವಲಿನ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದೇ ಅದು. ಕೆ. ಬಾಲಚಂದರ್ ತೆಲುಗಿನಲ್ಲಿ 1978ರಲ್ಲಿ ಮಾಡಿದ್ದ ‘ಮರೋ ಚರಿತ್ರ’ವನ್ನು 1981ರಲ್ಲಿ ‘ಏಕ್ ದೂಜೇ ಕೇ ಲಿಯೇ’ ಎಂದು ಹಿಂದಿಗೆ ತಂದರು. ಚಿತ್ರವೇ ಮರುಬಳಕೆ. ಕಥೆ ನಡೆಯುವುದು ಗೋವಾದಲ್ಲಿ. ಕಮಲ್ ಹಾಸನ್ ತಮಿಳು ಹುಡುಗ, ಹಿಂದಿ ಬಾರದು. ಎಸ್‌ಪಿಬಿಯವರ ಹಿಂದಿ ಉಚ್ಚಾರದ ಬಗ್ಗೆ ಸಂಗೀತ ನಿರ್ದೇಶಕರು ಹಿಂದೆಮುಂದೆ ನೋಡಿದಾಗ, ತಮಿಳು ಹುಡುಗನ ಹಿಂದಿ ಹಾಗೇ ಇರಬೇಕಲ್ಲವೇ ಎಂದು ಬಾಲಚಂದರ್ ಪಟ್ಟು ಹಿಡಿದರಂತೆ. ಈಗ ಆ ಹಾಡು. ಲಿಫ್ಟ್ ಕೆಟ್ಟು ನಿಂತಿದೆ, ಒಳಗೆ ಹುಡುಗ ಹುಡುಗಿ ಇಬ್ಬರೇ. ಹುಡುಗಿ ಮುನಿದಿದ್ದಾಳೆ. ಹಿಂದಿ ಗೊತ್ತಿಲ್ಲದ ಹುಡುಗ ಒಲಿಸುವುದು ಹೇಗೆ? ಪೋಸ್ಟರುಗಳಲ್ಲಿ ನೋಡಿದ ಹಿಂದಿ ಚಿತ್ರಗಳ ಹೆಸರುಗಳನ್ನೇ ಒಂದರ ಪಕ್ಕ ಒಂದು ಜೋಡಿಸಿ ಹಾಡುತ್ತಾನೆ. ‘ಮೇರೇ ಜೀವನ್ ಸಾಥಿ’ ಒಂದು ಚಿತ್ರದ ಹೆಸರು, ‘ಪ್ಯಾರ್ ಕಿಯೇ ಜಾ’ ಇನ್ನೊಂದರದು. ಹೀಗೆ ಸಾಗುತ್ತ ಹೆಸರುಗಳೇ ಅರ್ಥ ಕೊಡುತ್ತವೆ, ಪ್ರೀತಿಯೂ ಆಗುತ್ತದೆ, ಜಗಳವೂ ಆಗುತ್ತದೆ. ಎಸ್‌ಪಿಬಿ ಜೊತೆ ಅನುರಾಧಾ ಪೌಡ್ವಾಲ್ ಹಾಡಿದ್ದಾರೆ. ಬಕ್ಷಿಯವರು ಪ್ರಾಸ ಕೂಡಿಸಿರುವ ಚೆಂದ ನೋಡಬೇಕು. ತನ್ನದೆಂದು ಒಂದು ಮಾತೂ ಸೇರಿಸದೆ, ಊರವರ ಗೋಡೆಯ ಮೇಲಿದ್ದುದನ್ನೇ ಕಿತ್ತು ತಂದು ಹೊಸ ಹಾಡು ಮಾಡುವುದು! ಹಳೆಯ ರೆಕಾರ್ಡುಗಳಿಂದ ತುಣುಕು ಕಿತ್ತು ಹಾಡು ಕಟ್ಟುವವರ ರೀತಿಯೂ ಇದೇ. ಬಕ್ಷಿಯವರ ಕೈಯಲ್ಲಿ ಯಂತ್ರ ಇರಲಿಲ್ಲ, ನೆನಪು ಇತ್ತು. ಆ ಲಿಫ್ಟಿನ ಹಾಡನ್ನೂ ‘ಟಾಕ್ಸಿಕ್’ಗೆ ಪಿಟೀಲು ಕೊಟ್ಟ ಹಾಡನ್ನೂ ಹೊತ್ತಿರುವುದು ಒಂದೇ ರೆಕಾರ್ಡು ಎಂಬುದು ನನಗೆ ಇಂದಿಗೂ ಪುಳಕದ ಸಂಗತಿ.

ಆ ವರ್ಷಗಳಲ್ಲಿ ಹಿಂದಿ ಹಾಡಿಗೆ ಕೈಹಾಕಿದವರು ಸ್ವೀಡನ್ನಿನವರಷ್ಟೇ ಅಲ್ಲ. 2002ರಲ್ಲಿ ಅಮೆರಿಕದ ಟ್ರುತ್ ಹರ್ಟ್ಸ್ ಎಂಬ ಗಾಯಕಿಯ ‘ಅಡಿಕ್ಟಿವ್’ನಲ್ಲಿ ಲತಾ ಅವರ ದನಿಯೇ ಧಾರಾಳವಾಗಿ ಕೇಳಿಸಿತು. 1981ರದೇ ‘ಜ್ಯೋತಿ’ ಚಿತ್ರದ ಹಾಡು ಅದು, ಸಂಗೀತ ಬಪ್ಪಿ ಲಾಹಿರಿ. ಅನುಮತಿಯೂ ಇಲ್ಲ, ಹೆಸರೂ ಇಲ್ಲ. ಬಪ್ಪಿ ಅವರ ಹೆಸರು ಹಾಕದೆ ಸಿ.ಡಿ. ಮಾರಕೂಡದೆಂದು ಅಲ್ಲಿನ ನ್ಯಾಯಾಲಯ 2003ರಲ್ಲಿ ಹೇಳಿತು. 2005ರಲ್ಲಿ ಬ್ಲ್ಯಾಕ್ ಐಡ್ ಪೀಸ್ ತಂಡ ‘ಡಾನ್’ ಮತ್ತು ‘ಅಪರಾಧ್’ ಚಿತ್ರಗಳ ಸಂಗೀತ ತೆಗೆದುಕೊಂಡಾಗ ಅವುಗಳ ಸಂಗೀತ ನಿರ್ದೇಶಕರಾದ ಕಲ್ಯಾಣ್‌ಜಿ ಆನಂದ್‌ಜಿ ಹೆಸರು ಹಾಡಿನ ರಚನಕಾರರ ಸಾಲಿನಲ್ಲೇ ಬಂತು. ಪಂಜಾಬಿ ಎಂಸಿ ಎಂಬ ಸಂಗೀತಗಾರನದು ಇದರ ತಿರುವುಮುರುವು. ‘ಮುಂಡಿಯಾಂ ತೋ ಬಚ್ ಕೇ’ಯಲ್ಲಿ ಭಾಂಗ್ರಾದ ಕೆಳಗೆ ಓಡುವುದು ಅಮೆರಿಕದ ಟಿವಿ ಧಾರಾವಾಹಿ ‘ನೈಟ್ ರೈಡರ್’ನ ಸಂಗೀತ. ನಮ್ಮ ಸಂಗೀತ ನಿರ್ದೇಶಕರು ಪಶ್ಚಿಮದಿಂದ ಕೇಳದೆ ತಂದದ್ದರ ಪಟ್ಟಿ ಉದ್ದವಿದೆ, ಅದು ಓದುಗರಿಗೆ ಗೊತ್ತಿದ್ದದ್ದೇ.

ನನ್ನನ್ನು ಕಾಡುವುದು ಬೇರೆ. ಹೆಸರಿಗಾಗಿ ಕೋರ್ಟಿಗೆ ಹೋಗಬಲ್ಲವರು ರೆಕಾರ್ಡಿನ ಕವರಿನ ಮೇಲೆ ಮೊದಲೇ ಹೆಸರಿದ್ದವರು. ಮೇಷ್ಟ್ರ ಮನೆಯಲ್ಲಿ ಆ ಕವರನ್ನು ಹಿಂದೆ ಮುಂದೆ ಮಾಡಿ ಓದಿದೆ. ಗಾಯಕರಿದ್ದಾರೆ, ಗೀತಕಾರರಿದ್ದಾರೆ, ಸಂಗೀತ ನಿರ್ದೇಶಕರಿದ್ದಾರೆ. ಪಿಟೀಲು ಬಾರಿಸಿದ ಒಬ್ಬರ ಹೆಸರೂ ಇಲ್ಲ. ಅವರಿಗೆ ಸಿಗುತ್ತಿದ್ದದ್ದು ರೆಕಾರ್ಡಿಂಗ್ ದಿನದ ಸಂಭಾವನೆ. ಚಿತ್ರಕ್ಕಾಗಿ ಹಣ ಕೊಟ್ಟು ಮಾಡಿಸಿದ ಹಾಡಿಗೆ ನಿರ್ಮಾಪಕನೇ ಮೊದಲ ಒಡೆಯನೆಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತ್ತು. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಗಿ ಗೀತಕಾರರಿಗೂ ಸಂಗೀತ ನಿರ್ದೇಶಕರಿಗೂ ರಾಯಲ್ಟಿಯ ಹಕ್ಕು ಗಟ್ಟಿಯಾಯಿತು. 1981ರಲ್ಲಿ ಮೂರನೇ ಸಾಲಿನಲ್ಲಿ ಕೂತು ಕಮಾನು ಎಳೆದವರಿಗೆ ಇವೆರಡರಿಂದ ಏನೂ ಆಗಬೇಕಾಗಿಲ್ಲ. ಆ ವಾದಕರನ್ನು ಹುಡುಕಿ ಮಾತಾಡಿಸಿ 2008ರಲ್ಲಿ ‘ಬಿಹೈಂಡ್ ದ ಕರ್ಟನ್’ ಎಂಬ ಪುಸ್ತಕ ತಂದದ್ದು ಗ್ರೆಗರಿ ಬೂತ್ ಎಂಬ ವಿದ್ವಾಂಸ. ಅವರಿಗೆ ನಾವು ಋಣಿಗಳು.

ಎಸ್‌ಪಿಬಿ ನಮ್ಮವರು ಎಂದು ಹೇಳಿಕೊಳ್ಳಲು ಕನ್ನಡಿಗರಿಗೆ ಕಾರಣ ಬೇಕಾದಷ್ಟಿವೆ. 1967ರ ‘ನಕ್ಕರೆ ಅದೇ ಸ್ವರ್ಗ’ದಿಂದ ಶುರುವಾದ ನಂಟು, ಪಂಚಾಕ್ಷರಿ ಗವಾಯಿಗಳ ಚಿತ್ರಕ್ಕೆ ಹಂಸಲೇಖ ಕಟ್ಟಿದ ಹಾಡಿಗೆ ಅವರಿಗೆ ರಾಷ್ಟ್ರ ಪ್ರಶಸ್ತಿ ತಂದುಕೊಟ್ಟಿತು. ಆ ಹೆಮ್ಮೆಗೆ ಬ್ರಿಟ್ನಿಯ ಆಸರೆ ಬೇಕಿಲ್ಲ. ಬ್ರಿಟ್ನಿಯ ಹಾಡು ಸಾರುತ್ತಿರುವುದು ಪಿಟೀಲಿನವರ ಹಿರಿಮೆಯನ್ನು.

2020ರಲ್ಲಿ ಬಂದ ‘ಪ್ರಾಮಿಸಿಂಗ್ ಯಂಗ್ ವುಮನ್’ ಎಂಬ ಇಂಗ್ಲಿಷ್ ಚಿತ್ರದಲ್ಲಿ ಸಂಗೀತ ನಿರ್ದೇಶಕ ಆ್ಯಂಥನಿ ವಿಲ್ಲಿಸ್ ‘ಟಾಕ್ಸಿಕ್’ ಅನ್ನು ತಂತಿವಾದ್ಯಗಳಿಗೆ ಹೊಂದಿಸಿದ್ದಾರೆ. ಬ್ರಿಟ್ನಿ ಇಲ್ಲ, ಗಿಟಾರ್ ಇಲ್ಲ, ಡ್ರಮ್ ಇಲ್ಲ. ನಾಯಕಿ ಸೇಡಿಗೆ ಹೊರಟು ಕಾಡಿನ ನಡುವಿನ ಮನೆಯತ್ತ ನಡೆಯುವಾಗ ಪಿಟೀಲುಗಳು ಏಳುತ್ತವೆ. ಒಂದು ಮಾತೂ ಇಲ್ಲದೆ ಹಾಡು ಯಾವುದೆಂದು ಗುರುತು ಸಿಗುತ್ತದೆ. ಯಂತ್ರದೊಳಗೆ ಹೊಕ್ಕ ಬಾಂಬೆಯ ಆ ತುಣುಕು ಈಗ ಮತ್ತೆ ಮನುಷ್ಯರ ಕಮಾನಿಗೆ ಬಂದಿದೆ.

1981ರಲ್ಲಿ ಮೂವತ್ತರ ಆಸುಪಾಸಿನಲ್ಲಿದ್ದ ವಾದಕರಿಗೆ ಈಗ ಎಪ್ಪತ್ತು ದಾಟಿದೆ. ಹಿರಿಯರಲ್ಲಿ ಉಳಿದವರು ಕಡಿಮೆ. ಗೋವಾ, ಮುಂಬೈಗಳಲ್ಲಿರುವ ಕನ್ನಡ ಓದುಗರ ನೆರೆಹೊರೆಯಲ್ಲಿ ಲಕ್ಷ್ಮೀಕಾಂತ್ ಪ್ಯಾರೇಲಾಲ್ ಮೇಳದಲ್ಲಿ ಪಿಟೀಲು ಬಾರಿಸಿದ ಹಿರಿಯರು ಯಾರಾದರೂ ಇದ್ದರೆ ಹೋಗಿ ಮಾತಾಡಿಸಿ. ‘ತೇರೇ ಮೇರೇ ಬೀಚ್ ಮೇ’ ರೆಕಾರ್ಡಿಂಗಿಗೆ ಕೂತಿದ್ದಿರಾ, ಪಕ್ಕದ ಕುರ್ಚಿಯಲ್ಲಿ ಯಾರಿದ್ದರು ಎಂದು ಕೇಳಿ, ಅವರು ಒಪ್ಪಿದರೆ ಬರೆದು ಕಳಿಸಿ. ಮೇಷ್ಟ್ರು ತಮ್ಮ ರೆಕಾರ್ಡಿನ ಕವರಿನೊಳಗೆ ಇಡಲು ಒಂದು ಬಿಳಿ ಹಾಳೆ ತೆಗೆದಿಟ್ಟಿದ್ದಾರೆ.