ಕೆಂಬಂಡೆಯ ಕಣಿವೆ, ಕುಡಿಯಲಾಗದ ಹೊಳೆ

ಅಮೆರಿಕದ ಯೂಟಾ ರಾಜ್ಯದ ಮೋಆಬ್ ಪಟ್ಟಣದ ಅಂಚಿನಲ್ಲಿ 128ನೇ ಹೆದ್ದಾರಿಗೆ ತಿರುಗಿದರೆ ಒಂದು ಬದಿಗೆ ಕೊಲೊರಾಡೊ ನದಿ, ಇನ್ನೊಂದು ಬದಿಗೆ ಕತ್ತೆತ್ತಿ ನೋಡಬೇಕಾದ ಕೆಂಪು ಬಂಡೆ. ರಸ್ತೆಗೇ ಜಾಗ ಸಾಲದ ಈ ಇಕ್ಕಟ್ಟಿನಲ್ಲಿ, ಹೊಳೆ ಒಂದಿಷ್ಟು ದಂಡೆ ಬಿಟ್ಟುಕೊಟ್ಟ ಕಡೆಯೆಲ್ಲ ಕ್ಯಾಂಪ್‌ಗ್ರೌಂಡುಗಳು: ಗೂಸ್ ಐಲೆಂಡ್, ಹ್ಯಾಲ್ ಕ್ಯಾನಿಯನ್, ಓಕ್ ಗ್ರೋವ್. ನಾವು ಡೇರೆ ಹಾಕಿದ್ದು ಪಟ್ಟಣದಿಂದ ಸುಮಾರು 12 ಕಿ.ಮೀ. ದೂರದ ಬಿಗ್ ಬೆಂಡ್‌ನಲ್ಲಿ.

ಬಾದಾಮಿ ನೋಡಿದವರಿಗೆ ಈ ಬಣ್ಣ ಹೊಸದಲ್ಲ. ಇಲ್ಲಿಯದೂ ಮರಳುಗಲ್ಲೇ, ಮರಳಿನ ಕಣಕಣಕ್ಕೂ ಕಬ್ಬಿಣದ ತುಕ್ಕಿನ ತೆಳು ಲೇಪ. ಸಂಜೆ ಗಾಳಿ ಎದ್ದರೆ ಅದೇ ಮರಳು ಡೇರೆಯ ಜಿಪ್‌ನಲ್ಲಿ, ಕಿವಿಯಲ್ಲಿ, ಕೊನೆಗೆ ಚಿತ್ರಾನ್ನದಲ್ಲಿ ಕರಕರ ಎನ್ನುತ್ತದೆ. ಇಲ್ಲಿ ಮೇಜು ಇದೆ, ಬೆಂಕಿಗೆ ಕಬ್ಬಿಣದ ಬಳೆ ಇದೆ, ನೀರು ಬೇಡದ ಗುಂಡಿ ಶೌಚಾಲಯ ಇದೆ. ಕುಡಿಯುವ ನೀರಿನ ನಲ್ಲಿ ಮಾತ್ರ ಇಲ್ಲ. ಹತ್ತು ಹೆಜ್ಜೆಗೆ ಹೊಳೆ ತುಂಬಿ ಹರಿಯುತ್ತಿದ್ದರೂ ಅದು ಕೆಸರುಗೆಂಪು. ಬಿಂದಿಗೆಗೆ ಹಿಡಿದಿಟ್ಟರೆ ತಳದಲ್ಲಿ ಬೆರಳು ದಪ್ಪ ಮಣ್ಣು. ಪಾತ್ರೆಯನ್ನು ಕಾಗದದಲ್ಲಿ ಒರೆಸಿ, ಆಮೇಲೆ ಅರ್ಧ ಲೋಟದಲ್ಲಿ ತೊಳೆಯುವ ವಿದ್ಯೆ ಒಂದೇ ರಾತ್ರಿಯಲ್ಲಿ ಬಂದುಬಿಟ್ಟಿತು.

ಇತಿಹಾಸ ಚಿಕ್ಕದಾಗಿ: 1952ರಲ್ಲಿ ಚಾರ್ಲಿ ಸ್ಟೀನ್ ಎಂಬಾತನಿಗೆ ಯುರೇನಿಯಂ ಸಿಕ್ಕಿ ಮೋಆಬ್ ಉಬ್ಬಿತು. 1956ರಲ್ಲಿ ನದಿ ಪಕ್ಕ ಶುರುವಾದ ಅದಿರು ಗಿರಣಿ 1984ರಲ್ಲಿ ಮುಚ್ಚಿತು, ಸುಮಾರು 1.6 ಕೋಟಿ ಟನ್ ತ್ಯಾಜ್ಯ ದಂಡೆಯಲ್ಲೇ ಉಳಿಯಿತು. 2009ರಿಂದ ಅದನ್ನು ರೈಲಿನಲ್ಲಿ ಕ್ರೆಸೆಂಟ್ ಜಂಕ್ಷನ್‌ಗೆ ಸಾಗಿಸತೊಡಗಿದರು. ಈಗ ಊರು ನಡೆಯುವುದು ಪ್ರವಾಸಿಗರಿಂದ. ಹೊಳೆಯಾಚೆಯ ಆರ್ಚಸ್ 1971ರಿಂದ ರಾಷ್ಟ್ರೀಯ ಉದ್ಯಾನ.

ಕ್ಯಾಂಪ್ ನೋಡಿಕೊಳ್ಳುವ ಹಿರಿಯ ಮಹಿಳೆಗೆ ಈ ಚರಿತ್ರೆಯಲ್ಲಿ ಆಸಕ್ತಿಯಿಲ್ಲ. ಆಕೆಯ ಚಿಂತೆ ಬೆಂಕಿ. ನಾವು ಕಡ್ಡಿ ಗೀರುವಷ್ಟರಲ್ಲಿ ಎದುರಿಗೆ ಬಂದು ನಿಂತರು. "ಸೌದೆ ಎಲ್ಲಿಯದು? ದಂಡೆಯಲ್ಲಿ ಆರಿಸಿದ್ದಲ್ಲ ತಾನೇ?" ಕೊಂಡದ್ದೆಂದ ಮೇಲೆಯೇ ಕುರ್ಚಿ ಎಳೆದುಕೊಂಡು ಡ್ಯೂಯಿ ಸೇತುವೆಯ ಕಥೆ ತೆಗೆದರು. ಇದೇ ರಸ್ತೆಯಲ್ಲಿ ಮುಂದೆ, 1916ರಲ್ಲಿ ಕಟ್ಟಿದ ತೂಗುಸೇತುವೆ, ಮರದ ಹಾಸು. 2008ರ ಏಪ್ರಿಲ್‌ನಲ್ಲಿ ಹತ್ತಿರದ ಕ್ಯಾಂಪ್‌ನಲ್ಲಿ ಪುಟ್ಟ ಹುಡುಗನೊಬ್ಬ ಬೆಂಕಿಕಡ್ಡಿ ಆಡಿಸಿದ್ದು ಪೊದೆಗೆ ತಗುಲಿ, ಪೊದೆಯಿಂದ ಸೇತುವೆಗೆ ಹತ್ತಿತು. ಉಳಿದದ್ದು ಉಕ್ಕಿನ ಹಗ್ಗ, ಗೋಪುರ ಅಷ್ಟೇ. "ಹುಡುಗನನ್ನು ಬೈದು ಏನು ಬಂತು? ಈ ಪೊದೆ ನೋಡಿ," ಎಂದು ಟ್ಯಾಮರಿಸ್ಕ್ ಗಿಡ ತೋರಿಸಿದರು. ದಂಡೆ ಕೊರೆಯದಿರಲೆಂದು ಒಂದು ಕಾಲಕ್ಕೆ ಹೊರದೇಶದಿಂದ ತಂದು ನೆಟ್ಟ ಗಿಡ. ಕಾಟನ್‌ವುಡ್ ಮರಗಳ ಜಾಗ ನುಂಗಿತು. ಅದನ್ನು ತಿನ್ನಲು ಬಿಟ್ಟ ಜೀರುಂಡೆ ಎಲೆ ಬೋಳಿಸಿದ ಕಡೆ ಈಗ ಒಣಕಡ್ಡಿ. ಒಂದನ್ನು ಮುರಿದು ಕೊಟ್ಟರು, ಚಟ್ಟೆಂದಿತು.

ದೊಡ್ಡ ಗುಂಪಿನ ಜಾಗಗಳನ್ನು ಬಿಟ್ಟರೆ ಇಲ್ಲಿ ಮುಂಗಡ ಕಾಯ್ದಿರಿಸುವಿಕೆ ಇಲ್ಲ. ಮೊದಲು ಬಂದವರಿಗೆ ಜಾಗ. ವಸಂತ, ಶರತ್ಕಾಲದಲ್ಲಿ ಬೆಳಿಗ್ಗೆಯೇ ಭರ್ತಿ. ಹಾಗಾಗಿ ಸಾಲ್ಟ್ ಲೇಕ್ ಸಿಟಿ, ಡೆನ್ವರ್ ಕಡೆಯ ಕನ್ನಡಿಗರಿಗೆ ಒಂದು ಮಾತು: ವಾರಾಂತ್ಯ ಕಾಯಬೇಡಿ, ಬುಧವಾರ ಬನ್ನಿ. ಸೌದೆ ಊರಲ್ಲೇ ಕೊಳ್ಳಿ. ನೀರನ್ನು ನಿಮಗೆ ಸಾಕೆನಿಸಿದ್ದಕ್ಕಿಂತ ದುಪ್ಪಟ್ಟು ತುಂಬಿಕೊಳ್ಳಿ. ಚಿತ್ರಾನ್ನವನ್ನು ಗಾಳಿ ಏಳುವ ಮೊದಲೇ ಮುಗಿಸಿ.